ನನ್ನ ಜಿಆರ್‌ಇ ಪದಗಳು, ಅವಳ ಮನೆಮಾತು

ಜಿಆರ್‌ಇಗೆ ಓದಿದವರಿಗೆಲ್ಲ ಪದಪಟ್ಟಿಯ ಕಷ್ಟ ಗೊತ್ತಿರುತ್ತದೆ. ಅಮೆರಿಕದ ಯೂನಿವರ್ಸಿಟಿಗಳಿಗೆ ಅರ್ಜಿ ಹಾಕುವವರು ಬರೆಯುವ ಪರೀಕ್ಷೆ ಅದು. ಅದರ ವರ್ಬಲ್ ಭಾಗಕ್ಕೆ ಅಂತಲೇ ನೂರಾರು ಇಂಗ್ಲಿಷ್ ಪದಗಳನ್ನು ಉರು ಹೊಡೆಯುತ್ತೇವೆ. ಲೊಕ್ವೇಶಸ್ ಅಂದರೆ ವಾಚಾಳಿ. ಟ್ಯಾಸಿಟರ್ನ್ ಅಂದರೆ ಹೆಚ್ಚು ಮಾತಾಡದವರು. ಎಫೆಮರಲ್ ಅಂದರೆ ಬಹಳ ಹೊತ್ತು ಉಳಿಯದ್ದು. ಒಂದು ವಾರ ಪಟ್ಟಿ ಮುಟ್ಟದಿದ್ದರೆ ಎಲ್ಲ ಕಲಸುಮೇಲೋಗರ.

ನಾನು ಇದನ್ನು ಓದಿದ್ದು ಡಬ್ಲಿನ್‌ನಲ್ಲಿ. ಅಲ್ಲಿ ಮಾಸ್ಟರ್ಸ್ ಮುಗಿಯುವ ಹೊತ್ತಿಗೆ ಪಿಎಚ್‌ಡಿಗೆ ಅಮೆರಿಕಕ್ಕೆ ಹೋಗುವ ಆಸೆ ಹುಟ್ಟಿತ್ತು. ಧಾರವಾಡದಲ್ಲಿ ಏಳನೇ ಕ್ಲಾಸಿನವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು ನಾನು. ಇಂಗ್ಲಿಷ್ ಆಮೇಲೆ ಚೆನ್ನಾಗಿಯೇ ಬಂತು. ಕ್ಲಾಸಿಗೆ, ಕೆಲಸಕ್ಕೆ, ಬೇಕಾದರೆ ಜಗಳಕ್ಕೂ ಸಾಕಾಗುವಷ್ಟು. ಆದರೆ ಈ ಪಟ್ಟಿಯಲ್ಲಿದ್ದ ಪದಗಳಿಗೂ ನನಗೂ ಎಲ್ಲೂ ನಂಟು ಸಿಗುತ್ತಿರಲಿಲ್ಲ.

ಮನೆಯಲ್ಲಿ ನನ್ನ ಜೊತೆ ಇದ್ದವಳು ಬ್ರೆಜಿಲ್‌ನ ಮಿನಾಸ್ ಜೆರಾಯಿಸ್ ರಾಜ್ಯದ ಹುಡುಗಿ. ಮನೆಮಾತು ಪೋರ್ಚುಗೀಸ್. ಡಬ್ಲಿನ್‌ನಲ್ಲಿ ಬ್ರೆಜಿಲ್‌ನವರು ಬಹಳ ಜನ ಸಿಗುತ್ತಾರೆ. ಇಂಗ್ಲಿಷ್ ಕಲಿಯಲು ವಿದ್ಯಾರ್ಥಿಗಳಾಗಿ ಬರುತ್ತಾರೆ. ಕ್ಲಾಸು ನಡೆಯುವ ತಿಂಗಳುಗಳಲ್ಲಿ ವಾರಕ್ಕೆ 20 ಗಂಟೆ ಕೆಲಸ ಮಾಡುತ್ತಾರೆ. ಇವಳು ಒಂದು ಹೋಟೆಲಿನ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುವ, ತರಕಾರಿ ಹೆಚ್ಚುವ ಕೆಲಸಕ್ಕೆ ಹೋಗುತ್ತಿದ್ದಳು. ಬಂದು ಕೆಲವೇ ತಿಂಗಳಾಗಿತ್ತು. ಇಂಗ್ಲಿಷ್ ಇನ್ನೂ ತಡವರಿಸುತ್ತಿತ್ತು. ಸೌಟಿಗೆ ಲೇಡಲ್ ಅನ್ನುತ್ತಾರೆ ಅಂತ ಗೊತ್ತಿರಲಿಲ್ಲ. ಮೊಣಕೈಗೆ ಏನನ್ನುತ್ತಾರೆ ಅಂತ ನನ್ನ ಮೊಣಕೈ ಮುಟ್ಟಿ ಕೇಳುತ್ತಿದ್ದಳು.

ಒಂದು ಭಾನುವಾರ ಬೆಳಿಗ್ಗೆ ನಾನು ಟೇಬಲ್ ಮೇಲೆ ಕಾರ್ಡುಗಳನ್ನು ಹರಡಿಕೊಂಡು ಕೂತಿದ್ದೆ. ಒಂದು ಬದಿಗೆ ಪದ, ಇನ್ನೊಂದು ಬದಿಗೆ ಅರ್ಥ. ಅವಳಿಗೆ ಅವತ್ತು ರಜೆ. ಕಾಫಿ ಹಿಡಿದುಕೊಂಡು ಬಂದು ಎದುರಿಗೆ ಕೂತಳು. ನಾನು ಒಂದು ಕಾರ್ಡು ಎತ್ತಿ ಜೋರಾಗಿ ಓದಿದೆ, 'ಲೊಕ್ವೇಶಸ್'. ಗೊತ್ತಿಲ್ಲ ಅಂತ ತಲೆ ಆಡಿಸಿದಳು. ಕಾರ್ಡನ್ನು ಅವಳ ಕಡೆ ತಿರುಗಿಸಿದೆ.

'ಓ, ಲೋಕ್ವಾಸ್! ಜಾಸ್ತಿ ಮಾತಾಡುವವರು, ಅಲ್ವಾ?'

ಸರಿ ಅಂತ ಇನ್ನೊಂದು ಎತ್ತಿದೆ. ಪರ್ಸ್ಪಿಕೇಶಸ್. 'ಪೆರ್ಸ್ಪಿಕಾಸ್. ಸೂಕ್ಷ್ಮ ಇರುವವರು, ಬೇಗ ಗ್ರಹಿಸುವವರು.' ಟೆನೇಶಸ್. 'ತೆನಾಸ್. ಹಿಡಿದದ್ದು ಬಿಡದವರು.' ಸಗೇಶಸ್, ವೊರೇಶಸ್. ಅವಳ ಭಾಷೆಯಲ್ಲಿ ಸಗಾಸ್, ವೊರಾಸ್. ಎಫಿಕೇಶಸ್ ಕಾರ್ಡು ಬಂದಾಗಂತೂ ಅವಳಿಗೆ ಆಶ್ಚರ್ಯ. ಅವರಲ್ಲಿ ಎಫಿಕಾಸ್ ಅನ್ನುವುದು ಯಾರು ಬೇಕಾದರೂ ಆಡುವ ಮಾತು. ಒಂದು ಔಷಧಿ ಚೆನ್ನಾಗಿ ಕೆಲಸ ಮಾಡಿದರೆ ಅದು ಎಫಿಕಾಸ್. 'ಇದನ್ನು ಯಾಕೆ ಕಷ್ಟದ ಪದ ಅಂತ ಇಟ್ಟಿದ್ದಾರೆ?' ಅಂತ ಕೇಳಿದಳು. ನಿಜವಾಗಿ ಕೇಳಿದ್ದು, ಹೆಮ್ಮೆಗೆ ಅಲ್ಲ.

ನಾನು ಕಾರ್ಡುಗಳನ್ನು ಬಿಟ್ಟು ಅವಳನ್ನೇ ನೋಡತೊಡಗಿದೆ. ಪೋರ್ಚುಗೀಸಿನಲ್ಲಿ 'ಆಸ್' ಅಂತ ಮುಗಿಯುವ ಗುಣವಾಚಕಗಳು ಇಂಗ್ಲಿಷಿನಲ್ಲಿ ಸಾಲಾಗಿ 'ಏಶಸ್' ಆಗುತ್ತಿದ್ದವು. ಬೇರೆ ಬೇರೆಯಾಗಿ ಬಾಯಿಪಾಠ ಮಾಡಿದ್ದ ಆರೇಳು ಪದಗಳು ಒಂದೇ ಮನೆಯವು ಅಂತ ನನಗೆ ಯಾವ ಪುಸ್ತಕವೂ ತೋರಿಸಿರಲಿಲ್ಲ.

ಇನ್ನೊಂದು ವಿಷಯ ಗಮನಕ್ಕೆ ಬಂತು. ನಾನು ಬರೀ ಓದಿ ಹೇಳಿದರೆ ಅವಳಿಗೆ ತಿಳಿಯುತ್ತಿರಲಿಲ್ಲ. ಕಾಗದದ ಮೇಲೆ ಕಂಡ ಕೂಡಲೇ ತಿಳಿಯುತ್ತಿತ್ತು. ಬರವಣಿಗೆಯಲ್ಲಿ ಎರಡೂ ಭಾಷೆ ಹತ್ತಿರ, ಉಚ್ಚಾರದಲ್ಲಿ ದೂರ. ಒತ್ತು ಬೀಳುವ ಜಾಗ ಬೇರೆ, ಸ್ವರ ಬೇರೆ. ಹಾಗಾಗಿ ಇಂಗ್ಲಿಷ್ ಪತ್ರಿಕೆಯ ಸಂಪಾದಕೀಯವನ್ನು ಅವಳು ಮುಕ್ಕಾಲು ಭಾಗ ಓದಿ ಅರ್ಥ ಮಾಡಿಕೊಳ್ಳುತ್ತಿದ್ದಳು. ಅದೇ ಪತ್ರಿಕೆ ಮಾರುವ ಅಂಗಡಿಯವನ ಮಾತು ಅರ್ಥವಾಗುತ್ತಿರಲಿಲ್ಲ.

ಆಮೇಲೆ ನಾವಿಬ್ಬರೂ ಹುಡುಕಾಟಕ್ಕೇ ಬಿದ್ದೆವು. ನನ್ನ ಪಟ್ಟಿಯಲ್ಲಿ ಡಾರ್ಮಂಟ್ ಇತ್ತು. ದೊರ್ಮೀರ್ ಅಂದರೆ ನಿದ್ದೆ ಮಾಡು. ಇನಿಮಿಕಲ್ ಇತ್ತು. ಇನಿಮೀಗು ಅಂದರೆ ಶತ್ರು. ಸಾಮ್ನೊಲೆಂಟ್‌ಗೆ ಸೊನೊಲೆಂತು, ತೂಕಡಿಸುವವನು. ಪ್ರೋಲಿಕ್ಸ್ ಅಂದರೆ ಸುಮ್ನೆ ಉದ್ದುದ್ದ ಬರೆಯುವುದು. ಶಾಲೆಯಲ್ಲಿ ಅವಳ ಪ್ರಬಂಧದ ಮೇಲೆ ಟೀಚರು ಕೆಂಪು ಶಾಯಿಯಲ್ಲಿ 'ಪ್ರೊಲಿಕ್ಸು' ಅಂತ ಬರೆಯುತ್ತಿದ್ದರಂತೆ. ಎಕ್ಸ್‌ಕಲ್ಪೇಟ್ ಅನ್ನುವ ಪದವಂತೂ ನನಗೆ ಎಷ್ಟು ಸಲ ಓದಿದರೂ ನಿಲ್ಲುತ್ತಿರಲಿಲ್ಲ. ಆರೋಪದಿಂದ ಬಿಡಿಸು ಅಂತ ಅರ್ಥ. ಅದರ ನಡುವೆ ಇರುವುದು ಕುಲ್ಪ, ಅಂದರೆ ತಪ್ಪು. ಅವಳು ದಾರಿಗೆ ಅಡ್ಡ ಬಂದಾಗ, ಫ್ರಿಜ್ಜಿನಲ್ಲಿ ನನ್ನ ಹಾಲು ತೆಗೆದುಕೊಂಡಾಗ ದಿನವೂ ಹೇಳುತ್ತಿದ್ದ 'ದೆಸ್ಕುಲ್ಪ'ದಲ್ಲೂ ಅದೇ ಕುಲ್ಪ. ತಪ್ಪನ್ನು ತೆಗೆದುಬಿಡು, ಕ್ಷಮಿಸು. ದಿನವೂ ಕಿವಿಗೆ ಬೀಳುತ್ತಿದ್ದ ಮಾತೇ ಪಟ್ಟಿಯಲ್ಲಿ ಕೂತಿತ್ತು.

ಹಾಗಂತ ಎಲ್ಲ ಕಾರ್ಡುಗಳೂ ಅವಳಿಗೆ ಬರಲಿಲ್ಲ. ಗೇನ್‌ಸೇ ಗೊತ್ತಿರಲಿಲ್ಲ. ಹುಡ್‌ವಿಂಕ್, ಅನ್‌ಕ್ಯಾನಿ, ಶರ್ಕ್ ಕಂಡು ಸುಮ್ಮನಾದಳು. ಎಷ್ಟು ಹೊತ್ತು ನೋಡಿದರೂ ಆ ಅಕ್ಷರಗಳು ಅವಳಿಗೆ ಏನೂ ಹೇಳಲಿಲ್ಲ. ನಾವು ಕಾರ್ಡುಗಳನ್ನು ಎರಡು ಗುಡ್ಡೆ ಮಾಡಿದೆವು. ಅವಳಿಗೆ ಕಂಡ ಕೂಡಲೇ ಗೊತ್ತಾದ ಗುಡ್ಡೆ ದೊಡ್ಡದಿತ್ತು, ಬಹಳ ದೊಡ್ಡದು.

ಇದಕ್ಕೆ ಕಾರಣ ಇತಿಹಾಸದಲ್ಲಿದೆ. 1066ರಲ್ಲಿ ನಾರ್ಮಂಡಿಯ ವಿಲಿಯಂ ಹೇಸ್ಟಿಂಗ್ಸ್ ಯುದ್ಧ ಗೆದ್ದು ಇಂಗ್ಲೆಂಡಿನ ರಾಜನಾದ. ಆಮೇಲೆ ಸುಮಾರು ಮುನ್ನೂರು ವರ್ಷ ಅರಮನೆ, ನ್ಯಾಯಾಲಯ, ದೊಡ್ಡವರ ಮನೆಗಳಲ್ಲಿ ಫ್ರೆಂಚ್ ನಡೆಯಿತು. ಕೊನೆಗೆ 1362ರಲ್ಲಿ, ಜನರಿಗೆ ಫ್ರೆಂಚ್ ಅರ್ಥವಾಗುವುದಿಲ್ಲ, ನ್ಯಾಯಾಲಯದ ವಾದ ಇಂಗ್ಲಿಷಿನಲ್ಲೇ ನಡೆಯಲಿ ಅಂತ ಕಾನೂನು ಮಾಡಬೇಕಾಯಿತು. ಅಷ್ಟರಲ್ಲಿ ಸಾವಿರಾರು ಫ್ರೆಂಚ್ ಪದಗಳು ಒಳಗೆ ಬಂದು ನೆಲೆಸಿದ್ದವು. ಹದಿನಾರು, ಹದಿನೇಳನೇ ಶತಮಾನದಲ್ಲಿ ವಿದ್ವಾಂಸರು ಲ್ಯಾಟಿನ್‌ನಿಂದ ಇನ್ನಷ್ಟು ತಂದರು. ಫ್ರೆಂಚ್, ಸ್ಪ್ಯಾನಿಷ್, ಪೋರ್ಚುಗೀಸ್, ಇಟಾಲಿಯನ್, ರೊಮೇನಿಯನ್ ಎಲ್ಲವೂ ಲ್ಯಾಟಿನ್‌ನಿಂದ ಬೆಳೆದ ಭಾಷೆಗಳು. ಇವತ್ತು ಇಂಗ್ಲಿಷ್ ನಿಘಂಟಿನ ಪದಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಫ್ರೆಂಚ್ ಅಥವಾ ಲ್ಯಾಟಿನ್ ಮೂಲದವು. ಆದರೆ ಬಾಯಲ್ಲಿ ಅತಿ ಹೆಚ್ಚು ಓಡಾಡುವ ನೂರು ಪದಗಳನ್ನು ತೆಗೆದುಕೊಂಡರೆ ಹೆಚ್ಚು ಕಡಿಮೆ ಎಲ್ಲವೂ ಹಳೆಯ ಇಂಗ್ಲಿಷಿನವೇ. ಅವಳಿಗೆ ಪತ್ರಿಕೆ ಸುಲಭ, ಅಂಗಡಿ ಕಷ್ಟ ಯಾಕೆ ಅಂತ ಆಗ ಗೊತ್ತಾಯಿತು.

ನಾರ್ಮನ್ನರು 1169ರಲ್ಲಿ ಐರ್ಲೆಂಡಿಗೂ ಬಂದರು. ಅವತ್ತು ಸಂಜೆ ಮಳೆ ನಿಂತ ಮೇಲೆ ನಾವು ಫಿಟ್ಜ್‌ವಿಲಿಯಂ ಸ್ಕ್ವೇರ್ ಕಡೆ ನಡೆದುಕೊಂಡು ಹೋಗಿದ್ದೆವು. ಫಿಟ್ಜ್ ಅಂದರೆ ಹಳೆಯ ನಾರ್ಮನ್ ಫ್ರೆಂಚಿನಲ್ಲಿ ಮಗ. ವಿಲಿಯಂನ ಮಗ ಫಿಟ್ಜ್‌ವಿಲಿಯಂ. ಅವಳ ಭಾಷೆಯಲ್ಲಿ ಮಗನಿಗೆ ಫಿಲ್ಯು. ನನ್ನ ಪಟ್ಟಿಯಲ್ಲಿ ಫಿಲಿಯಲ್, ಅಂದರೆ ಮಕ್ಕಳು ಹೆತ್ತವರ ಬಗ್ಗೆ ಇಟ್ಟುಕೊಳ್ಳುವ ಭಾವ. ಬೀದಿಯ ಬೋರ್ಡನ್ನೂ ಅವಳು ಓದಿ ಖುಷಿಪಡುವಂತಾಯಿತು.

ಇದು ನಮಗೆ ಹೊಸದೇನಲ್ಲ ಅಂತ ನನಗೆ ಹೊಳೆದದ್ದು ಹಲ್ಲಿನ ವಿಷಯಕ್ಕೆ. ಇಂಗ್ಲಿಷಿನಲ್ಲಿ ಹಲ್ಲಿಗೆ ಟೂತ್, ಆದರೆ ಹಲ್ಲಿನ ಡಾಕ್ಟರು ಡೆಂಟಿಸ್ಟ್. ಎರಡಕ್ಕೂ ಸಂಬಂಧವೇ ಕಾಣುವುದಿಲ್ಲ. ಕನ್ನಡದಲ್ಲೂ ಹಾಗೇ ಅಲ್ವಾ? ಬಾಯಲ್ಲಿ ಇರುವುದು ಹಲ್ಲು, ಬೋರ್ಡಿನ ಮೇಲೆ ಇರುವುದು ದಂತವೈದ್ಯರು. ಮುಖದಲ್ಲಿ ಕಣ್ಣು, ಆಸ್ಪತ್ರೆಯಲ್ಲಿ ನೇತ್ರ ಚಿಕಿತ್ಸೆ. ಮನೆಮಾತಿನ ಪದ ಒಂದು, ಕಚೇರಿಯ ಪದ ಇನ್ನೊಂದು, ಎರಡನೆಯದು ಸಂಸ್ಕೃತದಿಂದ ಬಂದದ್ದು. ಅವಳಿಗೆ ಹೇಳಿದೆ. ಹಲ್ಲಿಗೆ ಅವರಲ್ಲಿ ದೆಂಚಿ ಅನ್ನುತ್ತಾರೆ. ಅದಕ್ಕೂ ನಮ್ಮ ದಂತಕ್ಕೂ ಬಹಳ ಹಿಂದಿನ ಒಂದೇ ಮೂಲ. ಸಂಸ್ಕೃತ, ಲ್ಯಾಟಿನ್ ಒಂದೇ ವಂಶದವು.

ಬೆಂಗಳೂರಿನಲ್ಲಿ ಮೊದಲು ಕೆಲಸ ಮಾಡುವಾಗ ಲಖನೌ ಕಡೆಯ, ಹಿಂದಿ ಮನೆಮಾತಿನ ಸಹೋದ್ಯೋಗಿಯೊಬ್ಬರು ಕನ್ನಡ ಅಕ್ಷರ ಕಲಿತಿದ್ದರು. 'ನೇತ್ರದಾನ ಶಿಬಿರ' ಅನ್ನುವ ಬ್ಯಾನರನ್ನು ಓದಿ ಅರ್ಥವನ್ನೂ ಹೇಳುತ್ತಿದ್ದರು. ಸಂತೆಯಲ್ಲಿ ಹುಣಸೆಹಣ್ಣು ಕೇಳಲು ಬರುತ್ತಿರಲಿಲ್ಲ. 'ಸ್ವಲ್ಪ ಸರಿದು ಕೂತುಕೊಳ್ಳಿ' ಅಂದರೆ ತಿಳಿಯುತ್ತಿರಲಿಲ್ಲ. ನಮಗೆ ಬಾಲ್ಯದಿಂದ ಬಂದದ್ದು ಅವರಿಗೆ ಕಷ್ಟ, ನಾವು ಶಾಲೆಯಲ್ಲಿ ಕಲಿತದ್ದು ಅವರಿಗೆ ಸುಲಭ. ಡಬ್ಲಿನ್‌ನ ಅಡುಗೆಮನೆಯಲ್ಲಿ ಕಂಡದ್ದೂ ಇದೇ.

ಸುಲಭ ಆದಲ್ಲೇ ಜಾರುವುದೂ ಇದೆ. ಆ ಸಹೋದ್ಯೋಗಿಗೆ ನಮ್ಮ 'ಶಿಕ್ಷೆ' ಓದು ಅಂತ ಅನ್ನಿಸುತ್ತಿತ್ತು. 'ಉಪನ್ಯಾಸ' ಅಂದರೆ ಕಾದಂಬರಿ, 'ಅವಕಾಶ' ಅಂದರೆ ರಜೆ. ನನ್ನ ಗೆಳತಿಗೂ ಹಾಗೆಯೇ. ಪ್ರಿಟೆಂಡ್ ಅಂದರೆ ಇಂಗ್ಲಿಷಿನಲ್ಲಿ ನಟಿಸು. ಅವರ ಪ್ರೆತೆಂದೇರ್ ಅಂದರೆ ಉದ್ದೇಶ ಇಟ್ಟುಕೊಳ್ಳು. 'ಐ ಪ್ರಿಟೆಂಡ್ ಟು ಸ್ಟಡಿ ನರ್ಸಿಂಗ್' ಅಂತ ಅವಳು ಎಷ್ಟೋ ಜನರಿಗೆ ಹೇಳಿದ್ದಳು. ಎಕ್ಸ್‌ಕ್ವಿಸಿಟ್ ಅಂದರೆ ಇಂಗ್ಲಿಷಿನಲ್ಲಿ ಬಹಳ ಸೊಗಸಾದದ್ದು. ಆ ಕಾರ್ಡಿಗೆ ಅವಳು 'ವಿಚಿತ್ರ' ಅಂದಳು. ಪೋರ್ಚುಗೀಸಿನ ಎಸ್ಕಿಜಿತು ಅಂದರೆ ಅದೇ. ಬಾಗಿಲುಗಳ ಕಥೆ ಇನ್ನೂ ಕಷ್ಟ. ಡಬ್ಲಿನ್‌ನ ಅಂಗಡಿ ಬಾಗಿಲ ಮೇಲೆ ಪುಶ್ ಅಂತ ಇರುತ್ತದೆ, ಅಂದರೆ ತಳ್ಳಿ. ಬ್ರೆಜಿಲ್‌ನ ಬಾಗಿಲ ಮೇಲೆ ಪೂಶಿ ಅಂತ ಇರುತ್ತದೆ, ಅಂದರೆ ಎಳೆಯಿರಿ! ಪಾಪ, ಮೊದಲ ತಿಂಗಳೆಲ್ಲ ತಳ್ಳುವ ಬಾಗಿಲನ್ನು ಎಳೆದದ್ದೇ ಎಳೆದದ್ದು.

ಅವಳಿಗೆ ಅತಿ ಹೆಚ್ಚು ನೋವು ಕೊಟ್ಟದ್ದು ಮಾತ್ರ ಫ್ರೇಸಲ್ ವರ್ಬ್‌ಗಳು. ಪುಟ್ ಆಫ್, ಪುಟ್ ಅಪ್ ವಿತ್, ಪುಟ್ ಔಟ್, ಪುಟ್ ಅವೇ. ಎಲ್ಲ ಸಣ್ಣ ಪದಗಳೇ, ಕೂಡಿದರೆ ಬೇರೆಯದೇ ಅರ್ಥ. ಸಹಿಸಿಕೊಳ್ಳುವುದಕ್ಕೆ ಟಾಲರೇಟ್ ಅಂದರೆ ಅವಳಿಗೆ ಗೊತ್ತು, ಅದೇ ಅರ್ಥದ ಪುಟ್ ಅಪ್ ವಿತ್ ಗೊತ್ತಿಲ್ಲ. ಬೆಂಕಿ ಆರಿಸುವುದಕ್ಕೆ ಎಕ್ಸ್‌ಟಿಂಗ್ವಿಶ್ ಗೊತ್ತು, ಪುಟ್ ಔಟ್ ಗೊತ್ತಿಲ್ಲ. ಕೆಲಸದ ಜಾಗದಲ್ಲಿ ಅಡುಗೆಯವರು ಅವಸರದಲ್ಲಿ ಕೂಗುವುದು ಈ ಸಣ್ಣ ಪದಗಳನ್ನೇ. ಕೈಯಲ್ಲಿ ಬಿಸಿ ಪಾತ್ರೆ ಹಿಡಿದು ಯಾರೂ ಎಕ್ಸ್‌ಟಿಂಗ್ವಿಶ್ ಅನ್ನುವುದಿಲ್ಲ. ಅವಳಿಗೆ ಅರ್ಥವಾಗಲು ಒಂದು ಗಳಿಗೆ ತಡವಾದರೆ, ಇವಳಿಗೆ ಇಂಗ್ಲಿಷೇ ಬರುವುದಿಲ್ಲ ಅಂತ ಅಲ್ಲಿದ್ದವರು ಅಂದುಕೊಳ್ಳುತ್ತಿದ್ದರು. ನನಗೆ ಇದು ಈಗಲೂ ಬೇಸರ ತರಿಸುತ್ತದೆ. ಅಲ್ಲಿ ಕೂಗುತ್ತಿದ್ದವರಲ್ಲಿ ಎಷ್ಟು ಜನಕ್ಕೆ ಪರ್ಸ್ಪಿಕೇಶಸ್ ಗೊತ್ತಿತ್ತೋ.

ನಮ್ಮೂರಿನ ಇಂಗ್ಲಿಷ್ ಪಾಠದ ಬಗ್ಗೆಯೂ ಅವತ್ತು ಬಹಳ ಯೋಚಿಸಿದೆ. ನಮ್ಮಲ್ಲಿ ದೊಡ್ಡ ಇಂಗ್ಲಿಷ್ ಪದ ಬಳಸಿದವರು ಜಾಣರು. ಬರದವರು ಹಳ್ಳಿಯವರು, ಕನ್ನಡ ಮಾಧ್ಯಮದವರು. ಎಷ್ಟು ಮಕ್ಕಳು ಈ ಪದಗಳಿಗೆ ಹೆದರಿ ಬಾಯಿ ಮುಚ್ಚಿಕೊಂಡು ಕೂತಿದ್ದಾರೆ! ನಾನೂ ಅವರಲ್ಲಿ ಇದ್ದವಳು. ಮಿನಾಸ್ ಜೆರಾಯಿಸ್‌ನ ಒಂದು ಮನೆಯಲ್ಲಿ ಅಜ್ಜಿ ಔಷಧಿ ಕುಡಿದು ಆಡುವ ಮಾತು ನಮ್ಮಲ್ಲಿ ಜಾಣತನದ ಅಳತೆ ಆಗಿದೆ. ಇಂಗ್ಲಿಷ್ ಪಾಠದ ಜೊತೆ ಈ ಇತಿಹಾಸವನ್ನು ಎರಡು ಪೀರಿಯಡ್ ಹೇಳಿಕೊಟ್ಟರೂ ಸಾಕು, ಮಕ್ಕಳ ಹೆದರಿಕೆ ಅರ್ಧ ಕಡಿಮೆ ಆಗುತ್ತದೆ ಅಂತ ನನಗೆ ಗಟ್ಟಿಯಾಗಿ ಅನ್ನಿಸುತ್ತದೆ.

ಅವತ್ತಿನಿಂದ ನಮ್ಮಿಬ್ಬರ ಭಾನುವಾರಗಳು ಹೀಗೇ ನಡೆದವು. ಅವಳು ನನ್ನ ಕಾರ್ಡುಗಳನ್ನು ಮನೆತನದ ಪ್ರಕಾರ ಜೋಡಿಸಿ ಕೊಟ್ಟಳು. ಇಂಗ್ಲಿಷಿನ 'ಟಿ' ಅಂತ ಮುಗಿಯುವ ವೆಲಾಸಿಟಿಯಂಥವು ಅವರಲ್ಲಿ 'ದಾಜಿ', ಹಾಗಾಗಿ ವೆಲೊಸಿದಾಜಿ. ನಾನು ಅವಳಿಗೆ ಸಣ್ಣ ಪದಗಳ ಪಟ್ಟಿ ಮಾಡಿಕೊಟ್ಟೆ. ಟಾಪ್ ಅಪ್, ವೈಪ್ ಡೌನ್, ಹ್ಯಾಂಗ್ ಆನ್. ಸಂಬಳಕ್ಕೆ ನಮ್ಮ ಕಡೆ ಪಗಾರ ಅನ್ನುತ್ತೇವೆ, ಆಲೂಗಡ್ಡೆಗೆ ಬಟಾಟಿ, ಕೀಲಿಗೆ ಚಾವಿ ಅಂತಲೂ ಇದೆ ಅಂದಾಗ ಅವಳು ಎದ್ದೇ ನಿಂತಳು. ಅವಳ ಭಾಷೆಯಲ್ಲಿ ಪಗಾರ್ ಅಂದರೆ ಹಣ ಕೊಡು, ಬತಾತ ಅಂದರೆ ಆಲೂಗಡ್ಡೆ, ಶಾವಿ ಅಂದರೆ ಕೀಲಿ. ಪೋರ್ಚುಗೀಸರು ಪಶ್ಚಿಮ ಕರಾವಳಿಗೆ ಬಂದಾಗ ಬಿಟ್ಟುಹೋದ ಪದಗಳು. ಹುಬ್ಬಳ್ಳಿಯಲ್ಲಿ ಪಗಾರ ಆಗಲಿಲ್ಲ ಅಂತ ಬೇಸರ ಮಾಡಿಕೊಳ್ಳುವ ಎಷ್ಟು ಜನಕ್ಕೆ ಇದು ಗೊತ್ತಿದೆಯೋ!

ಈಗ ನನ್ನ ಚಿಕ್ಕಮ್ಮನ ಮಗಳು ಧಾರವಾಡದಲ್ಲಿ ಜಿಆರ್‌ಇಗೆ ಓದುತ್ತಿದ್ದಾಳೆ. ಆ ಕಾರ್ಡುಗಳ ಜೋಡಣೆಯನ್ನು ಫೋಟೊ ತೆಗೆದು ಅವಳಿಗೆ ಕಳಿಸಿದೆ. 'ಅಕ್ಕಾ, ಹಂಗಾದ್ರ ನಾನೂ ಪೋರ್ಚುಗೀಸ್ ಕಲಿಬೇಕೇನು?' ಅಂತ ಕೇಳಿದಳು. ಬರೀ ಪರೀಕ್ಷೆಗಾದರೆ ಬೇಡ ಅಂದೆ. ಕುಲ್ಪ, ದೊರ್ಮ್, ಫಿಲ್ ತರಹದ ಬೇರುಗಳನ್ನು ಒಂದಿಷ್ಟು ಗುರುತು ಮಾಡಿಕೊಂಡರೆ ಸಾಕು. ಹುಡ್‌ವಿಂಕ್, ಗೇನ್‌ಸೇ ತರಹದವನ್ನು ಮಾತ್ರ ಉರು ಹೊಡೆಯಬೇಕು, ಅದಕ್ಕೆ ಬೇರೆ ದಾರಿ ಇಲ್ಲ.