ಸರ್ವ್ ಬರುವಾಗ ಸುಮ್ಮನಿರಿ

ಶನಿವಾರ, 18 ಅಕ್ಟೋಬರ್ 2025, ರಾತ್ರಿ

ಕಾಲೇಜು ಹುಡುಗಿಯರ ವಾಲಿಬಾಲ್ ಪಂದ್ಯ, ಸೋತೆವು. 19-25, 25-22, 24-26, 25-23, 13-15. ಫಲಿತಾಂಶವನ್ನು ಮೊದಲೇ ಬರೆದುಬಿಟ್ಟಿದ್ದೇನೆ, ಇಲ್ಲವಾದರೆ ಯಾರಾದರೂ ಕೊನೆಯ ಸಾಲಿನವರೆಗೂ ಆಸೆ ಇಟ್ಟುಕೊಂಡು ಓದಿಯಾರು. ಇಂದಿನ ಪಂದ್ಯದಲ್ಲಿ ಬರೆಯಬೇಕಾದದ್ದು ಸೋತದ್ದಲ್ಲ, ಸೋತ ಬಗೆ.

ವಾಲಿಬಾಲ್ ನೋಡಲು ಬಂದವರೆಲ್ಲ ಅಂಕಣದ ಉದ್ದಕ್ಕೆ, ಬಲೆಯ ನೇರಕ್ಕೆ ಕೂರಲು ಹವಣಿಸುತ್ತಾರೆ. ಸ್ಮ್ಯಾಶ್ ಚೆನ್ನಾಗಿ ಕಾಣುತ್ತದೆ ಎಂಬುದು ಅವರ ವಾದ. ಕಾಣುತ್ತದೆ ನಿಜ, ಆದರೆ ಅದೊಂದೇ ಕಾಣುತ್ತದೆ. ನಾನು ಕೂರುವುದು ಹಿಂಬದಿಯ ಗೆರೆಯ ಆಚೆ, ನೆಲಕ್ಕಿಂತ ನಾಲ್ಕೈದು ಮೆಟ್ಟಿಲು ಮೇಲೆ. ಅಲ್ಲಿಂದ 18 ಮೀಟರ್ ಉದ್ದದ ಅಂಕಣವನ್ನು ಆಟಗಾರ್ತಿಯರು ನೋಡುವಂತೆಯೇ ನೋಡಬಹುದು. ಬಲೆಯ ಮೇಲೆ ಕೈಯೊಡ್ಡಿ ಹೊಡೆತ ತಡೆಯುವ ಇಬ್ಬರು ಬ್ಲಾಕರ್‌ಗಳ ನಡುವೆ ಎಷ್ಟು ಸಂದು ಬಿಟ್ಟಿದೆ, ಯಾವ ಮೂಲೆ ಖಾಲಿ ಉಳಿದಿದೆ, ಎಲ್ಲವೂ ಒಂದೇ ನೋಟಕ್ಕೆ ಸಿಗುತ್ತದೆ. ಹೊಡೆಯುವವರಿಗೆ ಚೆಂಡು ಎತ್ತಿಕೊಡುವ ನಮ್ಮ ಸೆಟ್ಟರ್, 7ನೇ ನಂಬರಿನ ಹುಡುಗಿ, ಪ್ರತಿ ಸರ್ವ್‌ಗೆ ಮೊದಲು ಎದುರಾಳಿಗಳಿಗೆ ಬೆನ್ನು ಕೊಟ್ಟು, ಹೊಟ್ಟೆಯ ಹತ್ತಿರ ಅಂಗೈ ಹಿಡಿದು ತನ್ನವರಿಗೆ ಬೆರಳು ತೋರಿಸುತ್ತಾಳೆ. ಒಂದು ಬೆರಳೆಂದರೆ ನಡುವಿನ ಹುಡುಗಿಗೆ ಗಿಡ್ಡ ಚೆಂಡು, ಗಕ್ಕನೆ ಹೊಡೆಯುವಂಥದ್ದು. ಎರಡು ಬೆರಳು ಯಾವುದಕ್ಕೆ ಎಂಬುದು ಮೊದಲ ಸೆಟ್ ಮುಗಿಯುವಷ್ಟರಲ್ಲಿ ನನಗೂ ಅರ್ಥವಾಗಿತ್ತು. ಬರೆದು ಎದುರಾಳಿಗಳಿಗೆ ಉಪಕಾರ ಮಾಡುವುದಿಲ್ಲ.

ಮೊದಲ ಸೆಟ್ 11-11ರವರೆಗೆ ಸಮಸಮವಾಗಿ ಸಾಗಿತು. ಆಮೇಲೆ ಮರೂನ್ ಅಂಗಿಯ ಅವರ 3ನೇ ನಂಬರ್ ಸರ್ವ್‌ಗೆ ಬಂದಳು. ಹೇಳಿಕೊಳ್ಳುವ ಎತ್ತರವಿಲ್ಲ, ಜಿಗಿದು ಹೊಡೆಯುವ ಆರ್ಭಟವೂ ಇಲ್ಲ. ರೆಫರಿಯ ಸೀಟಿಯಾದ ಮೇಲೆ ಸಿಗುವ 8 ಸೆಕೆಂಡುಗಳಲ್ಲಿ ಮುಕ್ಕಾಲು ಪಾಲನ್ನು ಆರಾಮವಾಗಿ ಕಳೆದು, ಚೆಂಡಿನ ನಟ್ಟನಡುವಿಗೆ ಅಂಗೈಯಿಂದ ಒಂದು ಗಟ್ಟಿ ಪೆಟ್ಟು ಕೊಡುತ್ತಿದ್ದಳು. ಚೆಂಡು ಒಂದಿಷ್ಟೂ ತಿರುಗುವುದಿಲ್ಲ. 260ರಿಂದ 280 ಗ್ರಾಂ ತೂಗುವ ಆ ಹಗುರ ಚೆಂಡು ತಿರುಗದೆ ಹೋದರೆ ಗಾಳಿ ಅದನ್ನು ನೇರವಾಗಿ ಹೋಗಗೊಡುವುದಿಲ್ಲ. ಬಲೆ ದಾಟಿದ ಮೇಲೆ ಒಂದು ಗೇಣು ಎಡಕ್ಕೋ ಬಲಕ್ಕೋ ವಾಲುತ್ತದೆ, ಇಲ್ಲವೇ ಇದ್ದಕ್ಕಿದ್ದಂತೆ ಕುಸಿಯುತ್ತದೆ. ಎತ್ತಲು ನಿಂತವಳು ಮುಂಗೈಗಳನ್ನು ಜೋಡಿಸಿ ಆಗಿರುತ್ತದೆ, ಚೆಂಡು ಮಾತ್ರ ಬೇರೆಲ್ಲೋ ಇರುತ್ತದೆ.

ಒಂದರ ಹಿಂದೊಂದು ಆರು ಅಂಕ, 11-17. ಅವಳು ಆ ಆರೂ ಸರ್ವ್‌ಗಳನ್ನು ಕಳಿಸಿದ್ದು ನಮ್ಮ 12ನೇ ನಂಬರಿನವಳಿಗೇ. ಸರ್ವ್ ಮರಳಿ ಗೆದ್ದಾಗಲೆಲ್ಲ ತಂಡದ ಆರೂ ಮಂದಿ ಒಂದೊಂದು ಸ್ಥಾನ ಸರಿಯುತ್ತಾರೆ, ಅದೇ ರೊಟೇಷನ್. ಆ ರೊಟೇಷನ್‌ನಲ್ಲಿ ನಮ್ಮ ಸೆಟ್ಟರ್ ಮುಂದಿನ ಸಾಲಿನಲ್ಲಿದ್ದಳು, ಆದ್ದರಿಂದ ಬಲೆಯ ಬಳಿ ಹೊಡೆಯಲು ಉಳಿದವರು ಇಬ್ಬರೇ. ಅವರಲ್ಲಿ ಮುಖ್ಯಳಾದ 12ರ ಹುಡುಗಿ ಬಾಗಿ, ಓಡಿ, ತಡವರಿಸಿ ಸರ್ವ್ ಎತ್ತಿದರೆ, ಮರುಕ್ಷಣ ಹೊಡೆತಕ್ಕೆ ಓಟ ತೆಗೆದುಕೊಳ್ಳುವುದು ಹೇಗೆ? ಅಂದರೆ ಒಂದು ಸರ್ವ್ ನಮ್ಮ ಚೆಂಡನ್ನೂ ಕೆಡಿಸಿತು, ಹೊಡೆಯುವವಳನ್ನೂ ಕಟ್ಟಿಹಾಕಿತು. ಸ್ಮ್ಯಾಶ್ ಕಂಡಾಗ ಮಾತ್ರ ಎದ್ದು ನಿಲ್ಲುವ ಪಕ್ಕದ ಗ್ಯಾಲರಿಯವರಿಗೆ ಈ ಆರು ಅಂಕಗಳು ಬರೀ ನಮ್ಮವರ ತಪ್ಪುಗಳಾಗಿ ಕಂಡವು. "ಏನಾಗಿದೆ ಈ ಹುಡುಗಿಯರಿಗೆ?" ಎಂದು ಒಬ್ಬರು ಕೂಗಿದ್ದು ನಾನು ಕುಳಿತಲ್ಲಿಗೂ ಕೇಳಿಸಿತು.

"ಸೆಟ್ಟರನ್ನು ಹಿಂದಿನ ಸಾಲಿನಿಂದ ಆರಂಭಿಸಿದ್ದರೆ ಆ 3ರ ಎದುರು ಈ ರೊಟೇಷನ್ ಬೀಳುತ್ತಿರಲಿಲ್ಲ" ಎಂದು ಪಕ್ಕದಲ್ಲಿ ಯಾರೋ ಮೆಲ್ಲಗೆ ಹೇಳಿದರು. ನನ್ನಂತೆಯೇ ಹಿಂಬದಿಗೆ ಬಂದು ಕುಳಿತಿದ್ದ, ಐವತ್ತರ ಆಸುಪಾಸಿನ ಹೆಂಗಸು. ಇಂಥ ಮಾತು ಆಡುವವರು ಪಕ್ಕದಲ್ಲಿ ಸಿಗುವುದು ನನ್ನ ಪುಣ್ಯ. ತರಬೇತುದಾರರಿಗೂ ಅದೇ ಹೊಳೆದಿರಬೇಕು: ಎರಡನೆಯ ಸೆಟ್‌ಗೆ ಬರೆದುಕೊಟ್ಟ ಸಾಲನ್ನು ಎರಡು ಸ್ಥಾನ ತಿರುಗಿಸಿದ್ದರು. 3ರ ಹುಡುಗಿ ಸರ್ವ್‌ಗೆ ಬಂದಾಗ ನಮ್ಮ ಮುಂದಿನ ಸಾಲಿನಲ್ಲಿ ಮೂವರು ಹೊಡೆಯುವವರಿದ್ದರು. ಅವಳಿಗೆ ಸಿಕ್ಕಿದ್ದು ಒಂದೇ ಅಂಕ. ಆ ಸೆಟ್ ನಮ್ಮದಾಯಿತು.

ಆಕೆಯೂ ಕಾಲೇಜು ತಂಡಕ್ಕೆ ಆಡಿದವರಂತೆ, ತೊಂಬತ್ತರ ದಶಕದ ಮೊದಲ ಭಾಗದಲ್ಲಿ. "ಆಗ ಸರ್ವ್ ಯಾರ ಕೈಯಲ್ಲಿದೆಯೋ ಅವರಿಗೆ ಮಾತ್ರ ಅಂಕ ನೋಡಿ. ಸೆಟ್ 15ಕ್ಕೆ. ಐದನೆಯ ಸೆಟ್ ಒಂದು ಮಾತ್ರ ಈಗಿನ ಹಾಗೆ, ಸರ್ವ್ ಯಾರದಾದರೂ ಅಂಕ. ಕೆಲವು ಸಲ ಹತ್ತು ನಿಮಿಷ ಬೆವರು ಹರಿಸಿದರೂ ಸ್ಕೋರ್ ಬೋರ್ಡ್ ಅಲುಗುತ್ತಿರಲಿಲ್ಲ" ಎಂದರು. ಅವರ ಕಾಲದಲ್ಲಿ ಲಿಬೆರೊ ಕೂಡ ಇರಲಿಲ್ಲ. ಬೇರೆ ಬಣ್ಣದ ಅಂಗಿ ತೊಟ್ಟು ಹಿಂದಿನ ಸಾಲಿನಲ್ಲಿ ಮಾತ್ರ ಆಡುವ ಆ ಸ್ಥಾನ ಅಂತರರಾಷ್ಟ್ರೀಯ ನಿಯಮಕ್ಕೆ ಸೇರಿದ್ದು 1998ರಲ್ಲಿ. "ಎಷ್ಟು ಉದ್ದದ ಹುಡುಗಿಯಾದರೂ ಹಿಂದಕ್ಕೆ ಬಂದಾಗ ನೆಲಕ್ಕೆ ಬಿದ್ದು ಚೆಂಡು ಎತ್ತಲೇಬೇಕಿತ್ತು. ನನ್ನ ಮೊಣಕಾಲು ಇವತ್ತಿಗೂ ಅದನ್ನು ನೆನಪಿಸುತ್ತದೆ."

ಲಿಬೆರೊ ವಿಷಯ ಬಂದದ್ದರಿಂದ ನಮ್ಮ ಲಿಬೆರೊ ಬಗ್ಗೆ ನಾಲ್ಕು ಸಾಲು ಹೆಚ್ಚಾಗಿಯೇ ಬರೆಯುತ್ತೇನೆ, ನಾಳಿನ ಪತ್ರಿಕೆಯಲ್ಲಿ ಅವಳ ಹೆಸರು ಬರುವುದಿಲ್ಲವಲ್ಲ. ಪ್ರತಿ ಸರ್ವ್‌ಗೆ ಮೊದಲು ಅವಳು ಒಂದೊಂದೇ ಕಾಲನ್ನು ಮೇಲೆತ್ತಿ ಶೂ ಅಡಿಯನ್ನು ಅಂಗೈಯಿಂದ ಒರೆಸಿಕೊಳ್ಳುತ್ತಾಳೆ. ಧೂಳಿದ್ದರೆ ಮೊದಲ ಹೆಜ್ಜೆ ಜಾರುತ್ತದೆ. ಬಲಗೈಯ ಎರಡು ಬೆರಳುಗಳನ್ನು ಟೇಪಿನಿಂದ ಒಟ್ಟಿಗೆ ಸುತ್ತಿದ್ದಳು, ಅದರ ಒಂದು ತುದಿ ಬಿಚ್ಚಿಕೊಂಡು ಜೋತಾಡುತ್ತಿತ್ತು. ಮೂರನೆಯ ಸೆಟ್‌ನಲ್ಲಿ ಅದನ್ನು ಹಲ್ಲಿನಿಂದ ಕಚ್ಚಿ ಕಿತ್ತು, ಸೊಂಟದ ಪಟ್ಟಿಯೊಳಗೆ ಸಿಕ್ಕಿಸಿಕೊಂಡಳು. ಎಡಗಡೆಗೆ ಬಿದ್ದ ಒಂದು ಚೆಂಡನ್ನು ಎತ್ತಲು ಹಾರಿ, ಭುಜದ ಮೇಲೆ ಉರುಳಿ, ಆ ಉರುಳಿನಲ್ಲಿಯೇ ಎದ್ದು ನಿಂತದ್ದನ್ನು ನೋಡಬೇಕಿತ್ತು. ಆ ಉರುಳುವಿಕೆಯನ್ನು ಜಗತ್ತಿಗೆ ತೋರಿಸಿಕೊಟ್ಟವರು 1964ರ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ಜಪಾನಿನ ಮಹಿಳೆಯರು. ಒಲಿಂಪಿಕ್ಸ್‌ನಲ್ಲಿ ವಾಲಿಬಾಲ್ ಆಡಿಸಿದ್ದು ಆಗಲೇ ಮೊದಲು. ಆ ತಂಡದಲ್ಲಿ ಬಹುಮಂದಿ ಒಂದೇ ಬಟ್ಟೆ ಗಿರಣಿಯ ನೌಕರರು, ಕೆಲಸ ಮುಗಿಸಿ ರಾತ್ರಿಯವರೆಗೂ ಅಭ್ಯಾಸ ಮಾಡುತ್ತಿದ್ದವರು. ಬಿದ್ದವಳು ಎದ್ದು ಮತ್ತೆ ಆಟಕ್ಕೆ ಸೇರಲು ಹಿಡಿಯುವ ಹೊತ್ತನ್ನು ಉಳಿಸುವುದಷ್ಟೇ ಅದರ ಉದ್ದೇಶ. ಗಿಡ್ಡಗಿರುವವರಿಗೆ ಸಮಾಧಾನಕ್ಕೆಂದು ಕೊಟ್ಟ ಸ್ಥಾನ ಲಿಬೆರೊ ಎಂದು ಈಗಲೂ ಹೇಳುವವರಿದ್ದಾರೆ. ಅವರನ್ನು ಒಂದೇ ಒಂದು ಸಲ ಆ 3ರ ಸರ್ವ್‌ನ ಎದುರು ನಿಲ್ಲಿಸಬೇಕು.

ಮೂರನೆಯ ಸೆಟ್ ಹೋಯಿತು. 24-24ರಲ್ಲಿ ಬಲೆ ಮುಟ್ಟಿದ ಒಂದು ತಪ್ಪು, ಮೇಲೊಂದು ಬ್ಲಾಕ್. ಹೆಚ್ಚು ಹೇಳುವಂಥದ್ದಿಲ್ಲ.

ಜನ ಎಷ್ಟಿದ್ದರು ಎಂದರೆ, ಅರ್ಧ ಗ್ಯಾಲರಿ ಖಾಲಿ. ಕಾಲೇಜು ಹುಡುಗಿಯರ ವಾಲಿಬಾಲ್‌ಗೆ ಯಾರು ಬರುತ್ತಾರೆ ಎಂದು ಕೇಳುವವರಿಗೆ ನನ್ನ ಹತ್ತಿರ ಸಿದ್ಧ ಉತ್ತರವಿದೆ: 2023ರ ಆಗಸ್ಟ್ 30ರಂದು ಅಮೆರಿಕದ ನೆಬ್ರಾಸ್ಕಾದಲ್ಲಿ ಫುಟ್‌ಬಾಲ್ ಕ್ರೀಡಾಂಗಣದ ನಡುವೆ ಅಂಕಣ ಹಾಸಿ ಎರಡು ವಿಶ್ವವಿದ್ಯಾಲಯಗಳ ಹುಡುಗಿಯರನ್ನು ಆಡಿಸಿದರು. ನೋಡಲು ಬಂದವರು 92,003 ಮಂದಿ. ಆ ಸಂಖ್ಯೆಯನ್ನು ಪಕ್ಕದವರಿಗೆ ಹೇಳಿದೆ. ಅವರು ಖಾಲಿ ಬೆಂಚುಗಳತ್ತ ಒಮ್ಮೆ ನೋಡಿ, "ಅಷ್ಟು ಜನರ ಮುಂದೆ ಸರ್ವ್ ಮಾಡುವ ಹುಡುಗಿಯ ತಾಯಿ ಎಲ್ಲಿ ಕೂರುತ್ತಾಳೋ" ಎಂದರು. ಆ ಮಾತಿನ ಹಿಂದೆ ಏನಿತ್ತು ಎಂದು ನನಗೆ ತಿಳಿದದ್ದು ನಾಲ್ಕನೆಯ ಸೆಟ್‌ನಲ್ಲಿ.

23-23. ಸರ್ವ್ ನಮ್ಮದು. ಸರ್ವ್‌ಗೆ ಹೋಗಬೇಕಾದವಳು ನಡುವಿನ ಬ್ಲಾಕರ್, ಅವಳ ಸರ್ವ್ ಅಷ್ಟಕ್ಕಷ್ಟೆ. ತರಬೇತುದಾರರು ಬೆಂಚಿನತ್ತ ತಿರುಗಿದರು. ಅಲ್ಲಿಯವರೆಗೆ ಒಂದು ಚೆಂಡನ್ನೂ ಮುಟ್ಟದೆ, ಮೂಲೆಯಲ್ಲಿ ನಿಂತು ಕೈಕಾಲು ಬೆಚ್ಚಗಿಟ್ಟುಕೊಂಡಿದ್ದ 15ನೇ ನಂಬರಿನ ಹುಡುಗಿ ಅವಳ ಬದಲಿಗೆ ಸರ್ವ್ ಮಾಡಲು ನಂಬರ್ ಹಲಗೆ ಹಿಡಿದು ಓಡಿಬಂದಳು. ಪಕ್ಕದಲ್ಲಿದ್ದವರು ಥಟ್ಟನೆ ಕಣ್ಣು ಮುಚ್ಚಿಕೊಂಡರು.

"ನೀವು ನೋಡಿ ಹೇಳಿ. ನನ್ನಿಂದ ಆಗುವುದಿಲ್ಲ."

"ನಿಮ್ಮ ಮಗಳೇ?"

ತಲೆಯಾಡಿಸಿದರು, ಕಣ್ಣು ತೆರೆಯಲಿಲ್ಲ.

ನಮ್ಮವರು ಆಗ ಅಂಕಣದ ಆ ತುದಿಯಲ್ಲಿದ್ದರು, ಸರ್ವ್ ನೇರವಾಗಿ ನಮ್ಮ ಕಡೆಗೇ ಬರಬೇಕು. ಎರಡು ಗಂಟೆಯಿಂದ ಬೆಂಚಿನಲ್ಲಿದ್ದವಳಿಗೆ ಮೊದಲ ಸ್ಪರ್ಶವೇ ಇದು. ಬಲೆಗೆ ಹೊಡೆದರೆ ಅಂಕ ಎದುರಾಳಿಗೆ, ತಕ್ಷಣ ವಾಪಸ್ ಬೆಂಚಿಗೆ. ಚೆಂಡು ಬಂತು. ಅದರ ಮೇಲಿನ ಪಟ್ಟಿಗಳನ್ನು ಎಣಿಸಬಹುದಾಗಿತ್ತು, ಅಷ್ಟು ನಿಶ್ಚಲವಾಗಿ ಬಂತು. ಬಲೆ ದಾಟಿ ಅರ್ಧ ಹಾದಿಯಲ್ಲಿ ಒಮ್ಮೆ ನಡುಗಿ, ಬಲಕ್ಕೆ ವಾಲಿತು. ಎತ್ತಿದವಳ ಮುಂಗೈಗೆ ಓರೆಯಾಗಿ ತಗುಲಿ ನೇರ ನಮ್ಮವರ ಬಲೆಯ ಮೇಲಕ್ಕೆ ಹಾರಿತು. ಅಲ್ಲಿ ಕಾದಿದ್ದ ಹುಡುಗಿ ಒಂದೇ ಏಟಿಗೆ ಕೆಳಗಿಳಿಸಿದಳು. 24-23.

"ದಾಟಿತೇ?"

"ದಾಟಿತು. ಅಂಕವೂ ಬಂತು. ಇನ್ನೊಂದು ಸರ್ವ್ ಇದೆ."

"ಅಯ್ಯೋ" ಎಂದರು.

ಎರಡನೆಯದನ್ನು ಅವರು ಚೆನ್ನಾಗಿಯೇ ಎತ್ತಿದರು. ಹೊಡೆತ ಬಂತು, ನಮ್ಮ ಲಿಬೆರೊ ಎತ್ತಿದಳು, ಮತ್ತೆ ಬಂತು, ಈ ಸಲ ಎತ್ತಿದವಳು 15ರ ಹುಡುಗಿಯೇ. ಮಹಿಳೆಯರ ಆಟದ ಸೊಗಸೇ ಈ ಉದ್ದನೆಯ ರ‍್ಯಾಲಿಗಳು. ಬಲೆ ಪುರುಷರದ್ದಕ್ಕಿಂತ 19 ಸೆಂಟಿಮೀಟರ್ ಕೆಳಗಿದೆ, 2.24 ಮೀಟರ್. ಆದರೂ ಚೆಂಡು ಬೇಗ ಸಾಯುವುದಿಲ್ಲ. ಕೊನೆಗೆ ಸೆಟ್ಟರ್ ಎರಡನೆಯ ಸ್ಪರ್ಶದಲ್ಲಿ ಚೆಂಡನ್ನು ಎತ್ತಿಕೊಡುವವಳಂತೆ ಹಾರಿ, ಎಡಗೈಯಿಂದ ಮೆತ್ತಗೆ ಬಲೆಯಾಚೆಗೆ ಇಳಿಸಿದಳು. 25-23. ಕಣ್ಣು ಬಿಟ್ಟ ತಾಯಿಗೆ ಕಂಡದ್ದು ಮಗಳ ಮೇಲೆ ಮುಗಿಬಿದ್ದ ಐದು ಹುಡುಗಿಯರ ಬೆನ್ನು ಮಾತ್ರ.

ಐದನೆಯ ಸೆಟ್‌ನಲ್ಲಿ ಒಂದು ಕಡೆ 8 ಅಂಕವಾದಾಗ ತಂಡಗಳು ಬದಿ ಬದಲಿಸುತ್ತವೆ. ನಮ್ಮವರು 8-6ರ ಮುನ್ನಡೆಯೊಡನೆ ನಮ್ಮ ತುದಿಗೆ ಬಂದರು. ಆ ಹೊತ್ತಿಗೆ ಪಕ್ಕದ ಗ್ಯಾಲರಿಯಲ್ಲಿ ನಮ್ಮ ಕಾಲೇಜಿನ ಹುಡುಗರು ಎಲ್ಲಿಂದಲೋ ಎರಡು ಡ್ರಮ್ ತಂದು ಬಾರಿಸಲು ಆರಂಭಿಸಿದ್ದರು. ಬಾರಿಸಲಿ, ಬೇಡವೆನ್ನುವುದಿಲ್ಲ. ಆದರೆ ನಿಲ್ಲಿಸಲೇ ಇಲ್ಲ. ನಮ್ಮ ಸರ್ವ್‌ಗೂ ಡ್ರಮ್, ಅವರ ಸರ್ವ್‌ಗೂ ಡ್ರಮ್.

ಸರ್ವ್ ಎತ್ತಲು ನಿಂತ ಮೂವರ ನಡುವೆ ಇರುವುದು ಒಂದೇ ಹಗ್ಗ, ಮಾತು. "ನನ್ನದು" ಎಂದು ಒಬ್ಬಳು ಕೂಗಿದರೆ ಉಳಿದಿಬ್ಬರು ಸರಿಯುತ್ತಾರೆ. ನಾಲ್ಕು ಸೆಟ್‌ಗಳುದ್ದಕ್ಕೂ ನಮ್ಮ ಲಿಬೆರೊ ಹೀಗೆ ಕೂಗುತ್ತಲೇ ಇದ್ದಳು, ಈ ತುದಿಯಲ್ಲಿದ್ದಾಗಲೆಲ್ಲ ನನಗೆ ಸ್ಪಷ್ಟವಾಗಿ ಕೇಳಿಸುತ್ತಿತ್ತು. 13-14ರಲ್ಲಿ ಸರ್ವ್‌ಗೆ ಬಂದವಳು ಮತ್ತೆ ಆ 3. ಡ್ರಮ್ಮಿನ ಜೊತೆಗೆ ಗ್ಯಾಲರಿಯೂ ಎದ್ದು ಕಾಲು ಕುಟ್ಟುತ್ತಿತ್ತು. ಚೆಂಡು ಲಿಬೆರೊ ಮತ್ತು 12ರ ಹುಡುಗಿಯ ನಡುವಿನ ಜಾಗಕ್ಕೆ ಬಂತು. ಲಿಬೆರೊ ಬಾಯಿ ತೆರೆದದ್ದನ್ನು ಕಂಡೆ, ಅವಳಿಂದ ಏಳೆಂಟು ಮೀಟರ್ ದೂರದಲ್ಲಿದ್ದೂ ಸ್ವರ ಕೇಳಿಸಲಿಲ್ಲ. 12ಕ್ಕೂ ಕೇಳಿಸಲಿಲ್ಲ, ಅವಳು ಒಂದು ಹೆಜ್ಜೆ ಮುಂದೆ ಬಂದಳು. ಅವಳನ್ನು ಕಂಡು ಲಿಬೆರೊ ನಿಂತಳು. ಲಿಬೆರೊ ಇದ್ದಾಳೆಂದು ಅವಳೂ ನಿಂತಳು. ಚೆಂಡು ಇಬ್ಬರ ನಡುವೆ ನೆಲ ಮುಟ್ಟಿತು.

ಮರೂನ್ ಹುಡುಗಿಯರು ಕುಣಿದರು, ಕುಣಿಯಲಿ, ಗೆಲ್ಲುವ ಸರ್ವ್ ಅದು. ನಮ್ಮವರು ಸಾಲಾಗಿ ಬಲೆಯ ಕೆಳಗೆ ಕೈಕುಲುಕಿದರು. ಗ್ಯಾಲರಿಯಲ್ಲಿ ಆಗಲೇ ತೀರ್ಪು ಹೊರಬಿದ್ದಿತ್ತು: ಲಿಬೆರೊ ನಿದ್ದೆ ಮಾಡುತ್ತಿದ್ದಳಂತೆ.

ಹೊರಗೆ ಡ್ರಮ್ಮಿನ ಹುಡುಗರು ಸಿಕ್ಕಿದರು. ಸುಮ್ಮನೆ ಬರಲು ನನಗೆ ಮನಸ್ಸಾಗಲಿಲ್ಲ. ಎದುರಿನವರು ಸರ್ವ್ ಎತ್ತುವಾಗ ಛಾವಣಿ ಹಾರುವಂತೆ ಬಾರಿಸಿ, ನಮ್ಮವರು ಎತ್ತುವಾಗ ಸೀಟಿಯಿಂದ ಮೊದಲ ಸ್ಪರ್ಶದವರೆಗೆ ಕೈ ಕಟ್ಟಿಕೊಂಡಿರಿ ಎಂದೆ. "ನಾವು ಹುರುಪು ತುಂಬುತ್ತಿದ್ದೆವು ಮೇಡಂ" ಎಂದ ಒಬ್ಬ, ಕೊಂಚ ನೊಂದುಕೊಂಡೇ. ಕೊನೆಯ ಚೆಂಡಿನ ವಿಷಯ ವಿವರಿಸಿದೆ. ಅವರು ಪರಸ್ಪರ ಮುಖ ನೋಡಿಕೊಂಡರು. ಬಾರಿಸುವ ಭರದಲ್ಲಿ ಸರ್ವ್ ಯಾರದೆಂದು ಯಾರು ನೋಡುತ್ತಾರೆ ಎಂಬುದು ಅವರ ತಕರಾರು, ಅದೂ ನ್ಯಾಯವೇ.

ಆದ್ದರಿಂದ ಮುಂದಿನ ಪಂದ್ಯಕ್ಕೆ ನಾನು ಅವರ ಪಕ್ಕದಲ್ಲಿ ಕೂರುವುದೆಂದು ಮಾತಾಗಿದೆ. ನಾನು ಕೈ ಎತ್ತಿದರೆ ನಿಲ್ಲಿಸಬೇಕು, ಇಳಿಸಿದರೆ ಬಾರಿಸಬೇಕು. ಆವೇಶದಲ್ಲಿ ಕೈ ಕಾಣದೆ ಹೋದರೆ ಕೋಲು ಕಿತ್ತುಕೊಳ್ಳುವ ಅಧಿಕಾರವನ್ನೂ ಕೇಳಿ ಪಡೆದಿದ್ದೇನೆ.