33 ಎಂದರೆ ಎಷ್ಟು? ಬೇಸ್‌ಬಾಲ್ ಗ್ಲೌಸಿನ ಅಳತೆಯ ಕುರಿತು

ಮುಂಬೈಯ ಮಾಟುಂಗದ ನಮ್ಮ ಮನೆಗೆ ಕ್ರಿಕೆಟ್ಟಿನದಲ್ಲದ ಗ್ಲೌಸು ಮೊದಲ ಸಲ ಬಂದದ್ದು ನನ್ನ ಲೆಕ್ಕದ ತಪ್ಪಿನಿಂದ. ಅಕ್ಕನ ಮಗಳಿಗೆ ಕಾಲೇಜಿನ ಬೇಸ್‌ಬಾಲ್ ತಂಡದ ಔಟ್‌ಫೀಲ್ಡಿನಲ್ಲಿ ಜಾಗ ಸಿಕ್ಕಿತ್ತು. ತಂಡದ ಗ್ಲೌಸುಗಳು ಹಲವರ ಕೈ ದಾಟಿ ಹೊಲಿಗೆ ಬಿಟ್ಟಿದ್ದರಿಂದ ಅವಳಿಗೆ ಸ್ವಂತದ್ದೊಂದನ್ನು ಕೊಡಿಸುವ ಹೊಣೆಯನ್ನು ನಾನು ಹೊತ್ತುಕೊಂಡೆ. ಬಳಸಿದ ಸಾಮಾನು ಮಾರುವ ಜಾಲತಾಣವೊಂದರಲ್ಲಿ ಕಂಡ ಗ್ಲೌಸಿನ ಚಿತ್ರದಲ್ಲಿ ಮಣಿಕಟ್ಟಿನ ಪಟ್ಟಿ ಮಾತ್ರ ಸ್ಪಷ್ಟವಾಗಿತ್ತು. ಅಳತೆ ಎಂದಿದ್ದ ಕಡೆ 33 ಎಂದಷ್ಟೇ ಬರೆದಿತ್ತು. ಔಟ್‌ಫೀಲ್ಡಿಗೆ 12 ಇಂಚಿಗಿಂತ ದೊಡ್ಡದು ಬೇಕೆಂದು ಅವಳು ಮೊದಲೇ ಹೇಳಿದ್ದಳು. 33 ಇಂಚಿನ ಗ್ಲೌಸು ಇರಲಾರದು, ಆದ್ದರಿಂದ ಇದು ಸೆಂಟಿಮೀಟರೇ ಇರಬೇಕು ಎಂದುಕೊಂಡು 2.54ರಿಂದ ಭಾಗಿಸಿದೆ. ಉತ್ತರ 12.99 ಬಂತು. ಇಷ್ಟು ಸೊಗಸಾಗಿ ಕೂಡಿಬಂದ ಲೆಕ್ಕವನ್ನು ಅನುಮಾನಿಸಬೇಕೆಂದು, ಬ್ಯಾಲೆನ್ಸ್ ಶೀಟುಗಳ ನಡುವೆಯೇ ಕೂದಲು ಹಣ್ಣಾದ ನನಗೂ ಹೊಳೆಯಲಿಲ್ಲ. ಪೊಟ್ಟಣ ಬಿಚ್ಚಿದರೆ ಒಳಗೆ ಬೆರಳುಗಳೇ ಬೇರೆಯಾಗಿರದ, ಅಂಚಿಗೆ ದಪ್ಪ ಮೆತ್ತೆಯಿದ್ದ, ದುಂಡನೆಯ ಕ್ಯಾಚರ್ ಮಿಟ್ ಇತ್ತು. “ಮಾವ, ಇದು ನಮ್ಮ ಕ್ಯಾಚರ್‌ಗೆ ಬೇಕಾದ್ದು, ನನಗಲ್ಲ” ಎಂದು ಅವಳು ನಗು ತಡೆದುಕೊಂಡು ಹೇಳಿದಳು.

ಆ 33 ಇಂಚೇ ಆಗಿತ್ತು. ಬೇಸ್‌ಬಾಲಿನಲ್ಲಿ ಉಳಿದೆಲ್ಲ ಆಟಗಾರರ ಗ್ಲೌಸನ್ನು ಉದ್ದದಿಂದ ಅಳೆದರೆ, ಬ್ಯಾಟರನ ಹಿಂದೆ ಕುಕ್ಕರುಗಾಲಲ್ಲಿ ಕುಳಿತು ಚೆಂಡು ಹಿಡಿಯುವ ಕ್ಯಾಚರನ ಮಿಟ್ಟನ್ನು ಹೊರ ಅಂಚಿನ ಸುತ್ತಳತೆಯಿಂದ ಅಳೆಯುತ್ತಾರೆ. ಹೀಗಾಗಿ ಒಂದೇ ಅಂಗಡಿಯ ಒಂದೇ ಕಪಾಟಿನಲ್ಲಿ 12 ಇಂಚಿನ ಗ್ಲೌಸೂ 33 ಇಂಚಿನ ಮಿಟ್ಟೂ ಅಕ್ಕಪಕ್ಕದಲ್ಲಿ ಕುಳಿತಿರುತ್ತವೆ. ದೊಡ್ಡವರ ಕ್ಯಾಚರ್ ಮಿಟ್ ಸಾಮಾನ್ಯವಾಗಿ 32ರಿಂದ 34 ಇಂಚಿನ ಆಸುಪಾಸಿನಲ್ಲಿರುತ್ತದೆ. ಅಮೆರಿಕದ ಮೇಜರ್ ಲೀಗ್ ನಿಯಮದಂತೆ ಅದರ ಸುತ್ತಳತೆ 38 ಇಂಚನ್ನು ಮೀರುವಂತಿಲ್ಲ. ಉಳಿದ ಫೀಲ್ಡರುಗಳ ಗ್ಲೌಸು ಉದ್ದದಲ್ಲಿ 13 ಇಂಚನ್ನು ಮೀರುವಂತಿಲ್ಲ. ಓಟಗಾರ ಮುಟ್ಟಬೇಕಾದ ನೆಲೆಗಳಲ್ಲಿ ಮೊದಲನೆಯದನ್ನು ಕಾಯುವ ಮೊದಲ ಬೇಸಿನವನ ಮಿಟ್ಟಿಗೂ ಬೇರೆ ಬೇರೆ ಬೆರಳುಗಳಿಲ್ಲ, ಆದರೆ ಅದನ್ನು ಅಳೆಯುವುದು ಉದ್ದದಿಂದಲೇ.

ಈ ಉದ್ದವನ್ನು ಅಳೆಯುವ ಬಗೆಯೇ ನನ್ನನ್ನು ಎರಡನೆಯ ಸಲ ಎಡವಿಸಿತು. ತಂಡದ ಗೆಳತಿಯೊಬ್ಬಳ ಗ್ಲೌಸು ಅಕ್ಕನ ಮಗಳಿಗೆ ಒಗ್ಗಿದೆಯೆಂದು ಗೊತ್ತಾದಾಗ, ಅದರ ಮೇಲಿನ ಅಂಕಿ ಅಳಿಸಿಹೋಗಿದ್ದರಿಂದ, ನಾನೇ ಅಳೆಯಲು ಕುಳಿತೆ. ಬಡಗಿಗಳು ಬಳಸುವ ಉಕ್ಕಿನ ಟೇಪನ್ನು ಬೆರಳ ತುದಿಯಿಂದ ಬುಡದವರೆಗೆ ನೇರವಾಗಿ ಎಳೆದು ಹಿಡಿದರೆ 11 ಇಂಚು ಬಂತು. ಗ್ಲೌಸನ್ನು ಕವುಚಿ ಹಾಕಿ ಬೆನ್ನ ಮೇಲೆ ಅಳೆದರೆ 13ನ್ನು ದಾಟಿತು. ಎರಡೂ ತಪ್ಪು. ಮೊದಲನೆಯದರಲ್ಲಿ ಟೇಪು ಗ್ಲೌಸಿನ ನಡುವಿನ ತಗ್ಗಿನ ಮೇಲೆ ಸೇತುವೆಯ ಹಾಗೆ ಹಾದುಹೋಗುತ್ತದೆ, ಎರಡನೆಯದರಲ್ಲಿ ಹೊರಗಿನ ಉಬ್ಬನ್ನೆಲ್ಲ ಲೆಕ್ಕಕ್ಕೆ ಸೇರಿಸಿಕೊಳ್ಳುತ್ತದೆ.

ಸರಿಯಾದ ಕ್ರಮಕ್ಕೆ ಬೇಕಾದದ್ದು ದರ್ಜಿಯ ಮೆತ್ತನೆಯ ಟೇಪು. ಗ್ಲೌಸನ್ನು ಚೆಂಡು ಬೀಳುವ ಮುಖ ಮೇಲಾಗಿರುವಂತೆ ಮೇಜಿನ ಮೇಲಿಟ್ಟು, ಅದು ತಾನಾಗಿ ತೆರೆದುಕೊಳ್ಳುವಷ್ಟು ಮಾತ್ರ ತೆರೆದು, ಒತ್ತಿ ಚಪ್ಪಟೆ ಮಾಡದೆ, ಟೇಪಿನ ಸೊನ್ನೆಯನ್ನು ತೋರುಬೆರಳಿನ ತುದಿಯ ಚರ್ಮದ ಅಂಚಿಗೆ ಹಿಡಿಯಬೇಕು. ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಹೆಣೆದಿರುವ ವೆಬ್ಬಿನ ತುದಿಯಿಂದ ಅಲ್ಲ. ಹೊಸಬರ ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ. ಅಲ್ಲಿಂದ ಟೇಪನ್ನು ಬೆರಳಿನ ಒಳಮೈಗೆ ಅಂಟಿಸಿಕೊಂಡು ಇಳಿಸಿ, ಚೆಂಡು ಕೂರುವ ಬೊಗಸೆಯ ತಳಕ್ಕೆ ಮುಟ್ಟಿಸಿ, ಅಂಗೈಯ ಏರನ್ನು ಹತ್ತಿಸಿ, ಹೀಲ್ ಎಂದು ಕರೆಯುವ ಮಣಿಕಟ್ಟಿನ ಕಡೆಯ ಅಂಚಿನವರೆಗೆ ತರಬೇಕು. ದಾರಿಯುದ್ದಕ್ಕೂ ಟೇಪು ಚರ್ಮವನ್ನು ತಾಗಿಕೊಂಡೇ ಇರಬೇಕು, ಏರುತಗ್ಗುಗಳನ್ನು ಅನುಸರಿಸಬೇಕು ಎಂದು ಮೇಜರ್ ಲೀಗಿನ ನಿಯಮಪುಸ್ತಕವೂ ಹೇಳುತ್ತದೆ. ಒಬ್ಬರೇ ಅಳೆಯುವಾಗ ಟೇಪು ಬೊಗಸೆಯಲ್ಲಿ ಮೇಲೆದ್ದುಬಿಡುತ್ತದೆ. ಅಲ್ಲಿ ಇನ್ನೊಬ್ಬರು ಬೆರಳಿಟ್ಟು ಹಿಡಿದರೆ ಒಳ್ಳೆಯದು. ಹೀಗೆ ಅಳೆದಾಗ ಮೂರು ಸಲವೂ 12¼ ಇಂಚಿನ ಹತ್ತಿರಕ್ಕೇ ಬಂತು.

ಬಟ್ಟೆಯ ಟೇಪು ಹಳೆಯದಾದಂತೆ ಹಿಗ್ಗುತ್ತದೆ ಎಂಬುದನ್ನೂ ಇಲ್ಲಿ ಹೇಳಿಬಿಡಬೇಕು. ಅಮ್ಮನ ಹೊಲಿಗೆ ಡಬ್ಬಿಯ ಟೇಪನ್ನು ಉಕ್ಕಿನ ಸ್ಕೇಲಿನ ಪಕ್ಕ ಇಟ್ಟು ನೋಡಿದರೆ ಒಂದು ಅಡಿಗೆ ಒಂದು ನೂಲಿನಷ್ಟು, ಅಂದರೆ ಇಂಚಿನ ಎಂಟನೆಯ ಒಂದು ಭಾಗದಷ್ಟು, ವ್ಯತ್ಯಾಸ ಕಂಡಿತು. ಕಾಲು ಇಂಚಿನ ಅಂತರದಲ್ಲಿ ಗ್ಲೌಸು ಆರಿಸುವವರಿಗೆ ಅದೂ ಸಣ್ಣದೇನಲ್ಲ. ಟೇಪೇ ಇಲ್ಲದಿದ್ದರೆ ಹಿಗ್ಗದ ದಾರವೊಂದನ್ನು ಅದೇ ದಾರಿಯಲ್ಲಿ ಹಾಯಿಸಿ, ಆಮೇಲೆ ಸ್ಕೇಲಿನ ಮೇಲೆ ಹಿಡಿದರೂ ಆಗುತ್ತದೆ.

ಕ್ರಿಕೆಟ್ಟಿನಲ್ಲಿ ಬೆಳೆದ ನಮಗೆ ಗ್ಲೌಸಿನ ಸೈಜು ಎಂದರೆ ಕೈಯ ಸೈಜು. ಕೀಪಿಂಗ್ ಗ್ಲೌಸಾಗಲಿ ಬ್ಯಾಟಿಂಗ್ ಗ್ಲೌಸಾಗಲಿ ಹುಡುಗರದು, ದೊಡ್ಡವರದು ಎಂದು ಕೈಯನ್ನು ನೋಡಿಯೇ ಕೊಳ್ಳುತ್ತೇವೆ. ಬೇಸ್‌ಬಾಲಿನ ಅಂಕಿ ಕೈಯ ಬಗ್ಗೆ ಏನನ್ನೂ ಹೇಳುವುದಿಲ್ಲ, ಚೆಂಡಿನ ಮುಂದೆ ಎಷ್ಟು ಚರ್ಮವಿದೆ ಎಂದು ಹೇಳುತ್ತದೆ. ಇದಕ್ಕೆ ಚರಿತ್ರೆಯಲ್ಲೇ ಕಾರಣವಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಆಟಗಾರರು ಅಂಗೈ ನೋಯದಿರಲೆಂದು ಬರಿಯ ಚರ್ಮದ ಕೈಗವಸು ಹಾಕುತ್ತಿದ್ದರು. ಆಗ ಅದು ಕೈಯಷ್ಟೇ ಇರುತ್ತಿತ್ತು. ಸೇಂಟ್ ಲೂಯಿಸ್ ಕಾರ್ಡಿನಲ್ಸ್ ತಂಡದ ಪಿಚರ್ (ಬ್ಯಾಟರನಿಗೆ ಚೆಂಡು ಎಸೆಯುವವರು) ಬಿಲ್ ಡೋಕ್ ಅವರು ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಚರ್ಮದ ದಾರಗಳ ಬಲೆ ಹೆಣೆಯಬಹುದೆಂದು ಗ್ಲೌಸು ತಯಾರಿಸುವ ರಾಲಿಂಗ್ಸ್ ಕಂಪನಿಗೆ ಸೂಚಿಸಿ, 1920ರ ಸುಮಾರಿಗೆ ಅಂಥ ಗ್ಲೌಸು ಮಾರಾಟಕ್ಕೆ ಬಂದ ಮೇಲೆ, ಚೆಂಡನ್ನು ಹಿಡಿಯುವ ಜಾಗ ಅಂಗೈಯಿಂದ ಬೊಗಸೆಗೆ ಸರಿಯಿತು. ಬೊಗಸೆ ಬೆಳೆಯಿತು, ಕೈ ಅಷ್ಟೇ ಉಳಿಯಿತು. ಆದ್ದರಿಂದಲೇ ಇಂದು ಅದೇ 11½ ಇಂಚಿನ ಗ್ಲೌಸು ದೊಡ್ಡವರ ಕೈಗೂ ಸಿಗುತ್ತದೆ, ಕಿರಿದಾದ ಬೆರಳುಗೂಡಿನೊಂದಿಗೆ ಮಕ್ಕಳ ಕೈಗೂ ಸಿಗುತ್ತದೆ. ಕೈಗೆ ಕೂರುವುದನ್ನು ಟೇಪು ಹೇಳದು. ತೊಟ್ಟು, ಮಣಿಕಟ್ಟಿನ ಪಟ್ಟಿ ಬಿಗಿದು, ಕೈಯನ್ನು ಕೆಳಮುಖವಾಗಿ ಕೊಡವಿ ನೋಡಬೇಕು.

ಹಾಗಾದರೆ ಎಷ್ಟು ದೊಡ್ಡದು ಬೇಕು ಎಂಬುದು ನಿಲ್ಲುವ ಜಾಗವನ್ನು ಅವಲಂಬಿಸಿದೆ. ಎರಡನೆಯ ಬೇಸಿನ ಸುತ್ತ ಆಡುವವರು ಚೆಂಡನ್ನು ಹಿಡಿದ ಕ್ಷಣದಲ್ಲೇ ತೆಗೆದು ಎಸೆಯಬೇಕಾದ್ದರಿಂದ 11¼ರಿಂದ 11½ ಇಂಚಿನ, ಆಳ ಕಡಿಮೆಯ ಗ್ಲೌಸನ್ನು ಬಯಸುತ್ತಾರೆ. ದೊಡ್ಡ ಬೊಗಸೆಯಲ್ಲಿ ಚೆಂಡನ್ನು ಹುಡುಕುವಷ್ಟರಲ್ಲಿ ಓಟಗಾರ ಬೇಸು ಮುಟ್ಟಿರುತ್ತಾನೆ. ಓಡಿ ಬಂದು ಕೈ ಚಾಚಿ ಹಿಡಿಯಬೇಕಾದ ಔಟ್‌ಫೀಲ್ಡಿನವರಿಗೆ 12ರಿಂದ 12¾ ಇಂಚು. ಪಿಚರ್‌ಗೆ 11¾ರಿಂದ 12. ಅವರಿಗೆ ಅಳತೆಗಿಂತ, ಚೆಂಡನ್ನು ಹಿಡಿದ ಬೆರಳುಗಳು ಬ್ಯಾಟರನಿಗೆ ಕಾಣದಂತೆ ಮುಚ್ಚಿದ ವೆಬ್ಬೇ ಮುಖ್ಯ. ಬೇಸ್‌ಬಾಲನ್ನೇ ಹೋಲುವ ಸಾಫ್ಟ್‌ಬಾಲ್ ಆಟದ ಚೆಂಡಿನ ಸುತ್ತಳತೆ 12 ಇಂಚು, ಬೇಸ್‌ಬಾಲಿನದು 9ರಿಂದ 9¼ ಮಾತ್ರ. ಹಾಗಾಗಿ ಈ ಅಂಕಿಗಳನ್ನು ಸಾಫ್ಟ್‌ಬಾಲಿಗೆ ಹಾಗೆಯೇ ತೆಗೆದುಕೊಂಡು ಹೋಗಬಾರದು.

ಟೇಪನ್ನು ಜೇಬಿಗೆ ಹಾಕಿಕೊಂಡು ಒಂದು ಶನಿವಾರ ಇಬ್ಬರೂ ಧೋಬಿ ತಲಾವಿನ ಕ್ರೀಡಾ ಸಾಮಾನಿನ ಅಂಗಡಿಗಳಿಗೆ ಹೋದೆವು. ಕ್ರಿಕೆಟ್ ಬ್ಯಾಟುಗಳ ಕಾಡಿನಲ್ಲಿ ಬೇಸ್‌ಬಾಲ್ ಗ್ಲೌಸುಗಳಿಗೆ ಒಂದು ಮೂಲೆ. 12½ ಎಂದು ಹೆಬ್ಬೆರಳ ಬಳಿ ಅಚ್ಚೊತ್ತಿದ್ದ ಎರಡು ಬೇರೆ ಕಂಪನಿಯ ಗ್ಲೌಸುಗಳನ್ನು ಅಳೆದರೆ, ನಮ್ಮ ಟೇಪಿನಲ್ಲಿ ಒಂದು 12½ ಇತ್ತು, ಇನ್ನೊಂದು ಅದಕ್ಕಿಂತ ಕಾಲು ಇಂಚು ಕಡಿಮೆ. ಮಾಟುಂಗ ಸ್ಟೇಷನ್ನಿನ ಬಳಿ ಮಲ್ಲಿಗೆ ಮಾರುವವರ ಮೊಳ ಅವರವರ ಕೈಯದ್ದಾಗಿರುವಂತೆ ಕಂಪನಿಯ ಇಂಚೂ ಸ್ವಲ್ಪ ಕಂಪನಿಯದೇ. ಅಂಗಡಿಯವರು ನಮ್ಮ ಅಳತೆಯನ್ನು ಕುತೂಹಲದಿಂದ ನೋಡುತ್ತಿದ್ದರೇ ಹೊರತು ಬೇಸರ ತೋರಲಿಲ್ಲ. ಎಸೆಯುವ ಕೈ ಯಾವುದೆಂದು ಮಾತ್ರ ಅವರು ಮೊದಲೇ ಕೇಳಿದರು. ಬಲಗೈಯಲ್ಲಿ ಎಸೆಯುವವರು ಗ್ಲೌಸನ್ನು ಎಡಗೈಗೆ ಹಾಕುತ್ತಾರೆ. ಪೆಟ್ಟಿಗೆಯ ಮೇಲೆ ಬಲಗೈ ಎಂದು ಬರೆದಿದ್ದರೆ ಅದು ಸಾಮಾನ್ಯವಾಗಿ ಎಸೆಯುವ ಕೈಯನ್ನು ಸೂಚಿಸುತ್ತದೆ. ಈ ಒಂದು ಪದವನ್ನು ತಪ್ಪಾಗಿ ಓದಿದರೆ ಮೇಲಿನ ಅಳತೆಯೆಲ್ಲ ನೀರುಪಾಲು.

ಕಡಿಮೆ ಬಂದ 12¼ ಇಂಚಿನದೇ ಅವಳಿಗೆ ಹಿಡಿಸಿತು. ಮನೆಗೆ ಬಂದ ಮೇಲೆ ಆ ಕ್ಯಾಚರ್ ಮಿಟ್ಟನ್ನೂ ಬಿಡಬಾರದೆಂದು, ಹೀಲಿನ ಒಂದು ಮೂಲೆಯಿಂದ ಹೊರಟು ಹೆಬ್ಬೆರಳು, ವೆಬ್ಬಿನ ನೆತ್ತಿ, ಕಿರುಬೆರಳಿನ ಕಡೆಯನ್ನೆಲ್ಲ ಸುತ್ತಿ ಹೊರಟಲ್ಲಿಗೇ ಬರುವಂತೆ ಅಂಚಿನ ಮೇಲೆ ಟೇಪು ಹಾಯಿಸಿದೆವು. 33ಕ್ಕೆ ಎರಡು ನೂಲು ಕಡಿಮೆ. ಸೋಮವಾರ ಅವಳ ತಂಡದ ಕ್ಯಾಚರ್ ಬಂದು, ನಾನು ಕೊಟ್ಟ ಬೆಲೆಯ ಅರ್ಧಕ್ಕೆ ಅದನ್ನು ಒಯ್ದಳು.