ಭಾನುವಾರದ ಬೆಂಕಿಪೊಟ್ಟಣ

ತುಮಕೂರು ಜಿಲ್ಲೆಯ ಒಂದು ಸಣ್ಣ ಊರಿನ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ನಾನು ನಲಿ-ಕಲಿ ತರಗತಿ ತೆಗೆದುಕೊಳ್ಳುತ್ತಿದ್ದ ದಿನಗಳ ಮಾತಿದು. 1ರಿಂದ 3ನೇ ತರಗತಿಯವರೆಗಿನ ಮಕ್ಕಳೆಲ್ಲ ಒಂದೇ ಕೊಠಡಿಯಲ್ಲಿ ಕೂರುತ್ತಿದ್ದರು. ಆ ವರ್ಷ ಒಟ್ಟು 19 ಮಂದಿ ಇದ್ದರು. ಸೋಮವಾರದಿಂದ ಭಾನುವಾರದವರೆಗೆ ಒಂದೇ ಉಸಿರಿಗೆ, ರಾಗವಾಗಿ ಒಪ್ಪಿಸುವುದು ಅವರೆಲ್ಲರಿಗೂ ಬರುತ್ತಿದ್ದುದರಿಂದ ಆ ಪಾಠ ಮುಗಿದಿದೆಯೆಂದೇ ನಾನು ತಿಳಿದಿದ್ದೆ. ಒಂದು ಬೆಳಿಗ್ಗೆ ಯಾವುದೋ ಮಾತಿಗೆ, ‘ಇವತ್ತು ಮಂಗಳವಾರ, ಹಾಗಾದರೆ ನಿನ್ನೆ ಯಾವ ವಾರ?’ ಎಂದು ಕೇಳಿದಾಗ ಮುಂದಿನ ಸಾಲಿನ ಹುಡುಗನೊಬ್ಬ ಎದ್ದು ನಿಂತು, ಸೋಮವಾರದಿಂದ ಶುರುಮಾಡಿ, ಎಲ್ಲಿ ನಿಲ್ಲಿಸಬೇಕೆಂದು ತಿಳಿಯದೆ ಭಾನುವಾರದವರೆಗೂ ಹೋಗಿ, ಉಸಿರು ತೆಗೆದುಕೊಂಡು ಮತ್ತೆ ಸೋಮವಾರಕ್ಕೆ ಬಂದ. ಉಳಿದವರೂ ಅವನೊಡನೆ ದನಿಗೂಡಿಸಿದರು. ಉತ್ತರ ಮಾತ್ರ ಬರಲಿಲ್ಲ.

ಆ ಮಕ್ಕಳಿಗೆ ವಾರಗಳ ಪರಿಚಯವಿರಲಿಲ್ಲವೆಂದು ಹೇಳಿದರೆ ತಪ್ಪಾಗುತ್ತದೆ. ಸೋಮವಾರ ಎತ್ತಿಗೆ ನೊಗ ಹೂಡುವುದಿಲ್ಲ, ಮಂಗಳವಾರ ಕ್ಷೌರದ ಅಂಗಡಿ ತೆರೆಯುವುದಿಲ್ಲ, ಬುಧವಾರ ಪಕ್ಕದೂರಿನಲ್ಲಿ ಸಂತೆ, ಶನಿವಾರ ಬೆಳಗಿನ ಶಾಲೆ ಎಂಬುದೆಲ್ಲ ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಗೊತ್ತಿರುವ ಆ ದಿನಗಳೂ ನಾವು ಗೋಡೆಯ ಮೇಲೆ ಬರೆಸಿದ ಏಳು ಹೆಸರುಗಳೂ ಒಂದೇ ಎಂಬುದು ಅವರಿಗೆ ಹೊಳೆದಿರಲಿಲ್ಲ. ಮನೆಯಲ್ಲಿ ಬೇಸ್ತವಾರ, ಗೋಡೆಯಲ್ಲಿ ಗುರುವಾರ. ಜೊತೆಗೆ ಏಳು ದಿನ ಕೂಡಿದರೂ ನಾವು ವಾರವೆನ್ನುತ್ತೇವೆ, ಅದರೊಳಗಿನ ಒಂದೊಂದು ದಿನವನ್ನೂ ವಾರವೆಂದೇ ಕರೆಯುತ್ತೇವೆ. ‘ವಾರಕ್ಕೆ ಎಷ್ಟು ವಾರ?’ ಎಂದು ನಾನೇ ಒಮ್ಮೆ ಬಾಯಿ ತಪ್ಪಿ ಕೇಳಿದ್ದುಂಟು.

ಆ ಸಂಜೆ ಏಳು ಖಾಲಿ ಬೆಂಕಿಪೊಟ್ಟಣಗಳಿಗೆ ಬಣ್ಣದ ಕಾಗದ ಅಂಟಿಸಿ, ಮೇಲೆ ವಾರಗಳ ಹೆಸರು ಬರೆದು, ಕಿಟಕಿಯ ಹಲಗೆಯ ಮೇಲೆ ಸಾಲಾಗಿ ಇಟ್ಟೆ. ಗುರುವಾರದ ಕೆಳಗೆ ಬೇಸ್ತವಾರ ಎಂದೂ ಬರೆದೆ. ದಿನವೂ ಹಾಜರಿ ಮುಗಿದ ಮೇಲೆ ಒಬ್ಬರು ಬಂದು ಆಯಾ ದಿನದ ಪೊಟ್ಟಣ ಹುಡುಕಿ ಅದರಲ್ಲಿ ಒಂದು ನಾಣ್ಯ ಹಾಕಬೇಕು. ಶನಿವಾರ ಎಲ್ಲವನ್ನೂ ತೆರೆದು ಎಣಿಸಬೇಕು. ನಾಣ್ಯವನ್ನೇ ಆರಿಸಿಕೊಂಡದ್ದಕ್ಕೆ ಕಾರಣವಿತ್ತು. ಊರಿನ ಒಂದೇ ಒಂದು ಚಿಲ್ಲರೆ ಅಂಗಡಿಯಲ್ಲೂ ಹಣ ಬಂದಿತೆಂದು ಕೂಗಿ ಹೇಳುವ ಪೆಟ್ಟಿಗೆ ಬಂದು ಕುಳಿತ ಮೇಲೆ, ಅಪ್ಪನ ಫೋನು ಹಿಡಿದು ಹೋಗಿ ಸಾಮಾನು ತರುತ್ತಿದ್ದ ಮಕ್ಕಳ ಕೈಗೆ ದುಡ್ಡು ಸಿಗುವುದೇ ಅಪರೂಪವಾಗಿತ್ತು. ಹತ್ತು ರೂಪಾಯಿ ಎಂಬುದು ಅವರ ಪಾಲಿಗೆ ಒಂದು ದನಿಯಾಗಿತ್ತೇ ಹೊರತು ವಸ್ತುವಾಗಿರಲಿಲ್ಲ.

ಮೊದಲ ವಾರ ಎಲ್ಲ ಸುಗಮವಾಗಿ ನಡೆಯಿತು, ಏಕೆಂದರೆ ನಾನು ಹಾಕಿಸಿದ್ದೆಲ್ಲ ಒಂದು ರೂಪಾಯಿಯ ನಾಣ್ಯಗಳನ್ನೇ. ಆರು ದಿನ, ಆರು ನಾಣ್ಯ, ಆರು ರೂಪಾಯಿ. ಎರಡನೆಯ ವಾರ ನನ್ನ ಬಳಿ ಚಿಲ್ಲರೆ ಮುಗಿದು, ಬಸ್ಸಿನ ಕಂಡಕ್ಟರನ್ನು ಕೇಳಿ ಪಡೆದ ಬೆರಕೆ ನಾಣ್ಯಗಳನ್ನು ಹಾಕಿಸಿದೆ: ಮೂರು ಒಂದರವು, ಎರಡು ಎರಡರವು, ಬುಧವಾರದ ಪೊಟ್ಟಣದಲ್ಲಿ ಐದರದೊಂದು. ಶನಿವಾರ ಎಣಿಸಿದವರೆಲ್ಲ ಮತ್ತೆ ಆರು ರೂಪಾಯಿ ಎಂದರು. ಹನ್ನೆರಡು ಎಂದು ನಾನು ಹೇಳಿದಾಗ, ಅವರು ನನ್ನನ್ನು ನೋಡಿದ ರೀತಿಯಲ್ಲಿ ಅನುಮಾನಕ್ಕಿಂತ ಕನಿಕರವೇ ಹೆಚ್ಚಾಗಿತ್ತು. ಎರಡು ಜಡೆಯ ಹುಡುಗಿಯೊಬ್ಬಳು ಬಂದು, ಒಂದೊಂದೇ ನಾಣ್ಯವನ್ನು ನನ್ನ ಅಂಗೈಗೆ ಹಾಕುತ್ತಾ ನಿಧಾನವಾಗಿ ಆರರವರೆಗೆ ಎಣಿಸಿ ತೋರಿಸಿದಳು.

ಅವರ ತರ್ಕದಲ್ಲಿ ತಪ್ಪು ಹುಡುಕುವುದು ಸುಲಭವಲ್ಲ. ವರ್ಷವಿಡೀ ಕಲ್ಲು, ಕಡ್ಡಿ, ಗೋಲಿಗಳನ್ನು ಕೊಟ್ಟು, ಒಂದು ವಸ್ತುವಿಗೆ ಒಂದೇ ಅಂಕಿ ಎಂದು ಕಲಿಸಿದವಳೇ ನಾನು. ಈಗ ಕೈಯಲ್ಲಿರುವುದು ಒಂದಾದರೂ ಐದೆಂದು ಎಣಿಸು ಎಂದರೆ ಅವರು ಹೇಗೆ ಒಪ್ಪಬೇಕು? ಗಾತ್ರ ನೋಡಿ ಹೇಳಿ ಎನ್ನುವಂತೆಯೂ ಇರಲಿಲ್ಲ. 2011ರಲ್ಲಿ ಬಂದ ಸರಣಿಯಲ್ಲಿ ಎರಡು ರೂಪಾಯಿ ನಾಣ್ಯದ ಅಡ್ಡಳತೆ 25 ಮಿಲಿಮೀಟರ್, ಐದು ರೂಪಾಯಿಯದು 23. ದೊಡ್ಡದಕ್ಕೆ ಬೆಲೆ ಕಡಿಮೆ, ಚಿಕ್ಕದಕ್ಕೆ ಹೆಚ್ಚು. ಆ ರಾಶಿಯಲ್ಲಿ ನನ್ನ ನೆರವಿಗೆ ಬಂದದ್ದು ನೃತ್ಯಮುದ್ರೆಯ ಹಳೆಯ ನಾಣ್ಯಗಳು. ಒಂದು ರೂಪಾಯಿಯ ಮೇಲೆ ಹೆಬ್ಬೆರಳೆತ್ತಿದ ಕೈ, ಎರಡು ರೂಪಾಯಿಯ ಮೇಲೆ ಎರಡು ಬೆರಳು. ಇವನ್ನು ಮಾಡಿದವರು ಯಾರೋ ಒಂದನೇ ತರಗತಿಗೆ ಪಾಠ ಮಾಡಿದವರೇ ಇರಬೇಕೆಂದು ನನಗೆ ಅನ್ನಿಸಿತು. ಮಕ್ಕಳು ಬೆರಳು ಎಣಿಸಿ ಒಂದು, ಎರಡು ಎಂದರು; ನಮ್ಮಲ್ಲಿದ್ದ ಐದರ ನಾಣ್ಯವನ್ನು ಹಿಂದೆ ಮುಂದೆ ತಿರುಗಿಸಿ ಕೈಯನ್ನೇ ಕಾಣದೆ, ‘ಇದ್ರಲ್ಲಿ ಬೆಳ್ಳೇ ಇಲ್ವಲ್ಲ ಮಿಸ್’ ಎಂದು ಬೇಸರಪಟ್ಟರು.

ಕೊನೆಗೆ ಬಿಸಿಯೂಟದ ಅಡುಗೆಮನೆಯಿಂದ ಒಂದು ಬೊಗಸೆ ಹುಣಸೆಬೀಜ ತಂದು, ಕೊಠಡಿಯ ನಡುವೆ ಅಂಗಡಿ ಇಟ್ಟೆವು. ಒಂದು ರೂಪಾಯಿ ಕೊಟ್ಟರೆ ಒಂದು ಬೀಜ, ಎರಡಕ್ಕೆ ಎರಡು, ಐದಕ್ಕೆ ಐದು. ಅಂಗಡಿಯಲ್ಲಿ ಕುಳಿತ ಹುಡುಗ ಐದರ ನಾಣ್ಯ ಹಿಡಿದು ಬಂದವಳಿಗೆ ಮೊದಲು ಒಂದೇ ಬೀಜ ಕೊಟ್ಟ. ಅವಳು ಜಗಳ ತೆಗೆದು ಉಳಿದ ನಾಲ್ಕನ್ನೂ ಕಿತ್ತುಕೊಂಡಳು. ಆ ಜಗಳ ಮಾಡಿದಷ್ಟು ಕೆಲಸವನ್ನು ನನ್ನ ವಿವರಣೆ ಮಾಡಿರಲಿಲ್ಲ. ಎರಡು ದಿನಗಳಲ್ಲಿ ಬಹುತೇಕರು ಬೀಜಗಳನ್ನು ಬಿಟ್ಟು ನಾಣ್ಯದ ಮೇಲೆಯೇ ಬೆರಳಿಂದ ಐದು ಸಲ ಕುಟ್ಟಿ ಎಣಿಸತೊಡಗಿದರು.

ಅಷ್ಟರಲ್ಲಿ ಒಬ್ಬ ಹುಡುಗ ಅಜ್ಜಿಯ ಎಲೆಯಡಿಕೆ ಸಂಚಿಯಿಂದ ಖಡ್ಗಮೃಗದ ಚಿತ್ರವಿದ್ದ ಇಪ್ಪತ್ತೈದು ಪೈಸೆಯ ನಾಣ್ಯವೊಂದನ್ನು ತಂದ. ಬೆಲೆಯ ಅಂಕಿ ಓದಲು ಕಲಿತಿದ್ದ ಮೂರನೇ ತರಗತಿಯವರು ಅದರ ಮೇಲಿನ 25 ನೋಡಿ, ಹತ್ತರ ನಾಣ್ಯಕ್ಕಿಂತ ಮಾತ್ರವಲ್ಲ, ಹನ್ನೆರಡು ಮೂಲೆಯ ಹೊಸ ಇಪ್ಪತ್ತರ ನಾಣ್ಯಕ್ಕಿಂತಲೂ ಇದೇ ದೊಡ್ಡದೆಂದು ತೀರ್ಮಾನಿಸಿ ಇಪ್ಪತ್ತೈದು ಹುಣಸೆಬೀಜ ಎಣಿಸಲು ಕುಳಿತರು. ನೂರು ಪೈಸೆಗೆ ಒಂದು ರೂಪಾಯಿ ಎಂದು ನಾನು ಹೇಳಿದ್ದು ಗಾಳಿಯಲ್ಲಿ ಹೋಯಿತು. 2011ರ ಜೂನ್ 30ಕ್ಕೇ ಚಲಾವಣೆ ನಿಂತ ಆ ನಾಣ್ಯವನ್ನು, ಅದರ ನಂತರ ಹುಟ್ಟಿದ ಮಕ್ಕಳಿಗೆ ಹೇಗೆ ಅರ್ಥ ಮಾಡಿಸುವುದೆಂದು ಯೋಚಿಸುತ್ತಿದ್ದಾಗ, ಮಧ್ಯಾಹ್ನ ಅದನ್ನು ಹುಡುಕಿಕೊಂಡು ಅಜ್ಜಿಯೇ ಶಾಲೆಗೆ ಬಂದರು. ‘ಇದು ನಾಕಾಣೆ ಕಣ್ರಪ್ಪ. ನಾಕು ಸೇರಿದ್ರೆ ಒಂದ್ರೂಪಾಯಿ ಆಗ್ತಿತ್ತು. ಈಗ ನಾನೂರು ಸೇರಿದ್ರೂ ಅಂಗಡಿಯೋನು ಮುಟ್ಟಲ್ಲ’ ಎಂದು ಹೇಳಿ, ನಾಣ್ಯವನ್ನು ಸಂಚಿಗೆ ಹಾಕಿಕೊಂಡು ಹೊರಟರು. ಮಕ್ಕಳು ಎಣಿಸಿಟ್ಟ ಬೀಜಗಳನ್ನು ಸದ್ದಿಲ್ಲದೆ ರಾಶಿಗೆ ಮರಳಿಸಿದರು.

ಪೊಟ್ಟಣಗಳ ಸಾಲಿನಲ್ಲಿ ತೊಡಕುಗಳು ಮುಗಿಯಲೇ ಇಲ್ಲ. ಒಂದು ಶುಕ್ರವಾರ ನಾಣ್ಯ ಹಾಕಿದ ಹುಡುಗಿ, ಎಣಿಸಿ ತೋರಿಸಲು ಅದನ್ನು ಹೊರತೆಗೆಯೆಂದರೆ ಕೈಕಟ್ಟಿ ನಿಂತುಬಿಟ್ಟಳು. ಶುಕ್ರವಾರ ಮನೆಯ ದುಡ್ಡನ್ನು ಹೊರಗೆ ಕೊಡಬಾರದೆಂದು ಅವಳ ಅಮ್ಮ ಹೇಳಿದ್ದರಂತೆ. ನಾನು ಒತ್ತಾಯಿಸಲಿಲ್ಲ. ಶುಕ್ರವಾರವೆಂದರೆ ಯಾವ ದಿನವೆಂಬುದು ಅವಳಿಗೆ ಅದಕ್ಕಿಂತ ಚೆನ್ನಾಗಿ ತಿಳಿಯಬೇಕಾಗಿರಲಿಲ್ಲ.

ಎಲ್ಲಕ್ಕಿಂತ ಹೆಚ್ಚು ಕಾಡಿದ್ದು ಭಾನುವಾರದ ಪೊಟ್ಟಣ. ಅದು ಯಾವಾಗಲೂ ಖಾಲಿ. ರಜೆಯಾದ್ದರಿಂದ ಹಾಕುವವರಿಲ್ಲ ಎಂದು ನಾನು ಹೇಳಿದರೆ, ‘ಹಂಗಾದ್ರೆ ಭಾನುವಾರ ಇರಲ್ವಾ ಮಿಸ್?’ ಎಂಬ ಪ್ರಶ್ನೆ ಬಂದಿತು. ಸೋಮವಾರವೇ ಎರಡು ನಾಣ್ಯ ಹಾಕಿಬಿಡೋಣವೆಂದು ಸೂಚಿಸಿದೆ. ಇವತ್ತು ಹಾಕಿದ್ದು ನಿನ್ನೆಯದು ಹೇಗಾಗುತ್ತದೆಂದು ಒಬ್ಬಳು ಕೇಳಿದಳು. ಮಾಸ್ತರಿಕೆಯಲ್ಲಿ ಹತ್ತು ವರ್ಷ ಕಳೆದಿದ್ದ ನನ್ನ ಬಳಿ ಅದಕ್ಕೆ ಉತ್ತರವಿರಲಿಲ್ಲ. ಆಮೇಲೆ ಅವರೇ ಒಂದು ದಾರಿ ಕಂಡುಕೊಂಡರು. ಶನಿವಾರ ಶಾಲೆ ಬಿಡುವಾಗ ಯಾರಾದರೊಬ್ಬರು ಆ ಪೊಟ್ಟಣವನ್ನೂ ಒಂದು ನಾಣ್ಯವನ್ನೂ ಬೇರೆಬೇರೆಯಾಗಿ ಮನೆಗೆ ಒಯ್ಯಬೇಕು, ಮಾರನೆಯ ದಿನ ಬೆಳಿಗ್ಗೆಯೇ ಅದರೊಳಗೆ ಇದನ್ನು ಹಾಕಬೇಕು.

ಮೊದಲ ಸರದಿ, ಅಂದು ‘ನಿನ್ನೆ ಯಾವ ವಾರ’ ಎಂದದ್ದಕ್ಕೆ ಏಳು ಹೆಸರನ್ನೂ ಒಪ್ಪಿಸಿದ್ದ ಹುಡುಗನಿಗೆ ಬಂದಿತು. ಸೋಮವಾರ ಪ್ರಾರ್ಥನೆಗೂ ಮೊದಲೇ ಅವನು ಚಡ್ಡಿಯ ಜೇಬಿನಿಂದ ಪೊಟ್ಟಣ ತೆಗೆದು ನನ್ನ ಮೇಜಿನ ಮೇಲಿಟ್ಟ. ಮೂಲೆ ನಜ್ಜುಗುಜ್ಜಾಗಿದ್ದರೂ ಒಳಗೆ ನಾಣ್ಯವಿತ್ತು.

‘ಯಾವಾಗ ಹಾಕಿದೆಯಪ್ಪಾ?’ ಎಂದೆ.

‘ನಿನ್ನೆ ಹಾಕ್ದೆ ಮಿಸ್. ಮೊನ್ನೆ ಕೊಟ್ಟಿದ್ರಲ್ಲ, ಅದೇ’ ಎಂದು ಹೇಳಿ, ಅದನ್ನು ಸಾಲಿನ ಕೊನೆಯಲ್ಲಿ ಇಡಬೇಕೋ, ಸೋಮವಾರದ ಹಿಂದೆ ಇಡಬೇಕೋ ಎಂದು ಕಿಟಕಿಯ ಮುಂದೆ ಯೋಚಿಸುತ್ತಾ ನಿಂತ.